ಆಫ್ ಆಯ್ತು, ಆಫ್ ಮಾಡಿದೆ

ಮಂಗಳಗೌರಿಯನ್ನು ನಾನು ಮೊದಲು ಕಂಡದ್ದು ಗುಬ್ಬಿಯ ಹೊರಗಿನ ಖಾಲಿ ರಸ್ತೆಯಲ್ಲಿ. ಅವಳ ಕೆಂಪು ಮಾರುತಿ 800 ಕಾರಿನಲ್ಲಿ ಅವಳು ಎಡಗಡೆ ಕುಳಿತಿದ್ದಳು, ನಾನು ಬಲಗಡೆ ಸ್ಟೀರಿಂಗನ್ನು ಎರಡು ಕೈಯಿಂದಲೂ ಬಿಗಿಯಾಗಿ ಹಿಡಿದುಕೊಂಡಿದ್ದೆ. ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ನಿವೃತ್ತನಾಗಿ, ಗುಬ್ಬಿಗೆ ಬಂದು ನೆಲೆಸಿದ ವರ್ಷ ಅದು. ನನ್ನ ಹೆಂಡತಿ ಶಕುಂತಲಮ್ಮನ ತವರು ಕೊತ್ತಗೆರೆ. ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಕೊತ್ತಗೆರೆ ಎಂದು ಬಸ್ಸು ಹತ್ತಿ ಇಳಿದು ಅವಳ ಮಂಡಿಗಳು ಸೋತಿದ್ದವು. “ನೀವು ಕಾರು ಕಲೀರಿ, ಇಲ್ಲಾಂದ್ರೆ ನಾನೇ ಕಲೀತೀನಿ” ಎಂದು ಒಂದು ದಿನ ಖಡಾಖಂಡಿತವಾಗಿ ಹೇಳಿದಳು. ಹಾಗಾಗಿ ವೀರಭದ್ರೇಶ್ವರ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ.

ಮಂಗಳಗೌರಿ ಹೇಳಿದಂತೆ ಕ್ಲಚ್ಚಿನ ಮೇಲಿಂದ ಕಾಲು ಎತ್ತಿದೆ. ಕಾರು ಬೆಚ್ಚಿದ ಕರುವಿನಂತೆ ಒಮ್ಮೆ ನೆಗೆದು ನಿಂತುಬಿಟ್ಟಿತು.

“ಆಫ್ ಆಯ್ತು” ಎಂದೆ.

“ಆಫ್ ಆಗ್ಲಿಲ್ಲ ಮೇಷ್ಟ್ರೇ, ಆಫ್ ಮಾಡಿದ್ರಿ” ಎಂದಳು. “ಅದು ಪಾಪ ತಾನಾಗೇ ಏನೂ ಮಾಡ್ಕೊಳ್ಳಲ್ಲ. ಕೀ ತಿರುಗ್ಸಿ, ಎದ್ದೇಳ್ತದೆ.”

ನನಗೆ ನಗು ಬಂತು. ಆಯಿತು ಎಂಬುದು ಅಕರ್ಮಕ, ಅದರಲ್ಲಿ ಮಾಡಿದವನು ಕಾಣಿಸಿಕೊಳ್ಳುವುದಿಲ್ಲ. “ಗಾಜು ಒಡೆದುಹೋಯ್ತು ಸಾರ್” ಎಂದು ಬಂದು ನಿಂತ ಮಕ್ಕಳಿಗೆ “ಒಡೆದುಹೋಯಿತೋ, ಒಡೆದೆಯೋ?” ಎಂದು ಕೇಳುತ್ತಲೇ ನಾನು ವೃತ್ತಿ ಮುಗಿಸಿದ್ದೆ. ಈಗ ಅದೇ ಪ್ರಶ್ನೆ ಸುತ್ತಿಕೊಂಡು ನನ್ನ ಬಳಿಗೇ ಬಂದಿತ್ತು. ಅವಳು ನಗಲಿಲ್ಲ. ಅವಳ ಗಮನವೆಲ್ಲ ರಸ್ತೆಯ ಮೇಲೆ, ತನ್ನ ಕಾಲುಗಳ ಮೇಲೆ. ಕಲಿಸುವವರಿಗೆಂದು ಎಡಗಡೆಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಅವುಗಳ ಮೇಲೆ ಅವಳ ಪಾದಗಳು ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ.

ಆ ಕಾಲುಗಳ ಚಡಪಡಿಕೆಯನ್ನು ಹೇಳದೆ ಮಂಗಳಗೌರಿಯ ವಿಚಾರ ಹೇಳಿದಂತಾಗದು. ಬಸ್ಸಿನಲ್ಲಿ ಕುಳಿತರೆ ಪ್ರತಿ ತಿರುವಿಗೂ ಅವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಚನ್ನಬಸವೇಶ್ವರನ ಗುಡಿಯ ಜಗಲಿಯಲ್ಲಿ ಕಣ್ಣು ಮುಚ್ಚಿ ಕುಳಿತಾಗಲೂ, ಬೀದಿಯಲ್ಲಿ ಯಾರಾದರೂ ಗೇರು ತಪ್ಪು ಹಾಕಿದ ಸದ್ದು ಕೇಳಿದರೆ ಎಡಗಾಲು ಎದ್ದು ಕೂರುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಪಕ್ಕದವರ ಎಲೆಯನ್ನೇ ಒಮ್ಮೆ ಕಾಲಿನಿಂದ ಒತ್ತಿಬಿಟ್ಟಳಂತೆ. “ನಮ್ಮಪ್ಪಂಗೂ ಹಿಂಗೇ ಇತ್ತು” ಎನ್ನುತ್ತಿದ್ದಳು. ಸ್ಕೂಲು ಕಟ್ಟಿದವರು ಅವಳ ತಂದೆ. ಹದಿನೆಂಟು ತುಂಬಿದ ಮಗಳಿಗೆ ಇದೇ ಕಾರಿನಲ್ಲಿ ಕಲಿಸಿ, ಎಡಗಡೆಯ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು ತೀರಿಕೊಂಡರು. ಕಾರಿಗೆ ಅವಳಿಟ್ಟ ಹೆಸರು ಕೆಂಪಿ.

ಸ್ಕೂಲಿನ ಪಕ್ಕದಲ್ಲೇ ಅವಳ ಅಣ್ಣ ಉದಯಕುಮಾರನ ಗ್ಯಾರೇಜು. ಎದುರಿಗೆ ಟೀ ಅಂಗಡಿ. ಬೆಳಗಿನ ಪಾಠ ಮುಗಿಸಿ ನಾವು ಅಲ್ಲಿ ಸೇರುತ್ತಿದ್ದೆವು. ನನ್ನ ಜೊತೆ ಕಲಿಯುತ್ತಿದ್ದವರು ಹೆಬ್ಬೂರಿನ ಪುಟ್ಟರಂಗಯ್ಯ. ತೆಂಗಿನಕಾಯಿ ವ್ಯಾಪಾರಕ್ಕೆ ಗುಬ್ಬಿಗೆ ಬಂದುಹೋಗುತ್ತಿದ್ದವರು, ಬರುವ ದಿನಗಳಲ್ಲೇ ಕಾರನ್ನೂ ಕಲಿಯುತ್ತಿದ್ದರು. ಅಲ್ಲಿನ ಮಾತು ಎಲ್ಲಿಂದ ಹೊರಟರೂ ಕೊನೆಗೆ ಒಂದೇ ಕಡೆಗೆ ಬರುತ್ತಿತ್ತು: ಇದುವರೆಗೆ ಬಂದ ಕಾರುಗಳಲ್ಲೆಲ್ಲ ಯಾವುದರ ಇಂಜಿನ್ನು ದೊಡ್ಡದು?

“ಇಂಜಿನ್ ಅಂದ್ರೆ ಕ್ವಾಲಿಸ್‌ದು ಕಣ್ರೀ” ಎಂದು ಒಂದು ದಿನ ಉದಯಕುಮಾರ ಶುರುಮಾಡಿದ. “ಅದಕ್ಕೆ ಸಾವೇ ಇಲ್ಲ. ಬಾಡಿ ಉದುರೋಗ್ಲಿ, ಸೀಟು ಹರಿದೋಗ್ಲಿ, ಇಂಜಿನ್ ಮಾತ್ರ ಓಡ್ತಾನೇ ಇರ್ತದೆ.”

“ಬುಡಪ್ಪ ಅತ್ಲಾಗೆ” ಎಂದರು ಪುಟ್ಟರಂಗಯ್ಯ. “ಅಂಬಾಸಿಡರ್ ಡೀಸಲ್ ಮುಂದೆ ಅದ್ಯಾವ ಲೆಕ್ಕ? ನಮ್ ಬಾಮೈದ ಕಾರ್ನ ಗುಜರಿಗಾಕಿ ಇಂಜಿನ್ ಮಾತ್ರ ಇಟ್ಕಂಡವ್ನೆ. ಮಾರ್ಕೋನಹಳ್ಳಿ ನಾಲೆ ಪಕ್ಕ ಕೂತ್ಕಂಡು ಇವತ್ಗೂ ನೀರೆತ್ತತೈತೆ. ಕಾರು ಸತ್ರೂ ಅದು ಸತ್ತಿಲ್ಲ.”

“ನೀರೆತ್ತೋಕೆ ಕಾರ್ ಇಂಜಿನ್ ಯಾಕೆ ರಂಗಣ್ಣ, ಜೋಡಿ ಎತ್ತು ಸಾಕಾಗಿತ್ತು.”

“ಎತ್ತಿಗೆ ದಿನಾ ಹುಲ್ಲಾಕ್ಬೇಕಲ್ಲಪ್ಪ, ನೀನ್ ಬಂದು ಹಾಕೀಯ?”

ನಾನು ಸುಮ್ಮನಿರಲಾರದೆ, “ದೊಡ್ಡದು ಎಂದರೆ ಯಾವುದರಲ್ಲಪ್ಪ? ವೇಗದಲ್ಲೋ, ಆಯಸ್ಸಿನಲ್ಲೋ?” ಎಂದು ಕೇಳಿದೆ.

“ತಗಳಪ್ಪ, ಮೇಷ್ಟ್ರು ಪ್ರಶ್ನೆಪತ್ರಿಕೆ ಕೊಟ್ರು” ಎಂದರು ಪುಟ್ಟರಂಗಯ್ಯ.

ಮಂಗಳಗೌರಿ ಕುಳಿತಿರಲಿಲ್ಲ. ಟೀ ಲೋಟ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಳು, ಇನ್ನೊಂದು ಕೈಯಲ್ಲಿ ಕೀ ಗೊಂಚಲು ಜಣಗುಡುತ್ತಿತ್ತು. “ನಮ್ ಕೆಂಪಿ ಇಂಜಿನ್ನೇ ದೊಡ್ಡದು” ಎಂದಳು.

ಉದಯಕುಮಾರ ಟೀ ಉಗುಳುವಂತೆ ನಕ್ಕ. “ಮೂರು ಸಿಲಿಂಡರ್‌ದು! ಹೊಲಿಗೆ ಮಿಷನ್ನು!”

“ಹೊಲಿಗೆ ಮಿಷನ್ನೇ ಅನ್ಕೋ ಅಣ್ಣ. ನಿನ್ ಕ್ವಾಲಿಸ್‌ನ ಓಡ್ಸೋನು ಕಲ್ತಿರೋ ಡ್ರೈವರ್. ರಂಗಣ್ಣನ ಇಂಜಿನ್ನು ಒಂದೇ ಕಡೆ ಕೂತಿರ್ತದೆ. ನಮ್ ಕೆಂಪಿನ ಓಡ್ಸೋರು ಏನೂ ಬರ್ದೇ ಇರೋರು. ದಿನಾ ಹೊಸ ಕಾಲು. ಒಬ್ರು ಕತ್ತು ಹಿಸುಕ್ತಾರೆ, ಇನ್ನೊಬ್ರು ಒದೀತಾರೆ. ಎಷ್ಟು ಸಲ ಆಫ್ ಮಾಡಿದ್ರೂ ಕೀ ತಿರುಗ್ಸಿದ್ರೆ ಎದ್ದೇಳ್ತದೆ. ಒಂದಿನ ಮುನಿಸ್ಕೊಂಡಿಲ್ಲ. ಅದಕ್ಕಿಂತ ದೊಡ್ಡದು ಯಾವ್ದಿದೆ ತೋರ್ಸು.”

ಉದಯಕುಮಾರ ಲೋಟವನ್ನು ಕೆಳಗಿಟ್ಟ. ಅವನ ಧ್ವನಿಯಲ್ಲಿ ತಮಾಷೆ ಇಳಿದಿತ್ತು.

“ಗೌರಿ, ಈಗಿನೋರು ಕ್ಲಚ್ಚೇ ಬೇಡ ಅಂತಾರೆ. ಕ್ಲಚ್ ಇಲ್ಲದ ಗಾಡಿ ಇದ್ಯಾ ಅಂತ ಕೇಳಿ, ಇಲ್ಲ ಅಂದ್ರೆ ಸೀದಾ ತುಮಕೂರಿಗೆ ಹೋಯ್ತಾರೆ. ಕೆಂಪಿನ ಕೊಟ್ಟು ಆಟೋಮ್ಯಾಟಿಕ್ ತರೋಣ ಅಂತ ಎಷ್ಟು ದಿನದಿಂದ ಬಡ್ಕೋತಿದೀನಿ.”

“ಆಫೇ ಆಗ್ದೇ ಇರೋ ಗಾಡೀಲಿ ನಾನೇನ್ ಹೇಳ್ಕೊಡ್ಲಿ ಅಣ್ಣ?”

ಸ್ಕೂಲು ಇಬ್ಬರಿಗೂ ಸೇರಿದ್ದು. ಎರಡು ಕಾರು ಸಾಕುವಷ್ಟು ವರಮಾನ ಅದಕ್ಕಿರಲಿಲ್ಲ. ಒಂದು ಬಂದರೆ ಒಂದು ಹೋಗಬೇಕು. ಅಂದಿನಿಂದ ಅವಳ ಪಾಠದ ಧಾಟಿಯೇ ಬೇರೆಯಾಯಿತು. ರಸ್ತೆಯನ್ನು ನೋಡುತ್ತಿದ್ದವಳು ನಡುನಡುವೆ ಡ್ಯಾಶ್‌ಬೋರ್ಡನ್ನು ಸವರುತ್ತಿದ್ದಳು. ಯಾವುದಾದರೂ ಹೊಸ ಸದ್ದು ಕೇಳಿದರೆ ಕಾರು ನಿಲ್ಲಿಸಿ, ಇಳಿದು, ಸುತ್ತ ಒಂದು ಬಾರಿ ನಡೆದು ಬರುತ್ತಿದ್ದಳು.

ಪಂದ್ಯವನ್ನು ಕಟ್ಟಿದವನು ಉದಯಕುಮಾರನೇ. “ಬಾಯಲ್ಲಿ ಬೇಡ, ರೋಡಲ್ಲಿ ತೋರ್ಸು. ದೇವರಾಯನದುರ್ಗದ ಘಾಟಿ ಹತ್ಸು. ಕಲಿಯೋರೇ ಓಡಿಸ್ಬೇಕು. ನೀನು ಕ್ಲಚ್ ಮುಟ್ಟಂಗಿಲ್ಲ. ಪ್ರಾಣಕ್ಕೆ ಬಂದ್ರೆ ಬ್ರೇಕ್ ಒತ್ತು, ಅಷ್ಟೇ. ಮೇಲಕ್ಕೆ ಹೋದ್ರೆ ಕೆಂಪಿ ವಿಷಯ ನಾನು ಇನ್ನು ಎತ್ತಲ್ಲ. ನಿಂತೋದ್ರೆ ಕೊಡ್ತೀಯ.”

“ನಿಂತ್ರೆ ಅಲ್ಲ” ಎಂದಳು ಅವಳು. “ಹೊಸಬ್ರ ಕೈಲಿ ನಿಂತೇ ನಿಲ್ತದೆ. ನಿಂತ್ಮೇಲೆ ಎದ್ದೇಳ್ದೇ ಹೋದ್ರೆ ಕೊಡ್ತೀನಿ.”

“ಆಯ್ತು, ಹಂಗೇ.”

ಆ ಕಲಿಯುವವನು ನಾನೇ ಆಗಬೇಕಾಯಿತು. ಪುಟ್ಟರಂಗಯ್ಯ ಕೈಮುಗಿದುಬಿಟ್ಟರು: “ನಂಗೆ ಮಟ್ಟ ರೋಡ್ನಾಗೇ ಬೆವರು ಬತ್ತದೆ. ನಾನು ಹಿಂದೆ ಕೂತ್ಕಂಡು ದೇವ್ರನ್ನ ನೆನೀತೀನಿ.”

ಆ ಭಾನುವಾರ ತುಮಕೂರನ್ನು ದಾಟಿ ಬೆಟ್ಟದ ಬುಡಕ್ಕೆ ಬಂದಾಗ ಬಿಸಿಲು ಏರಿತ್ತು. ಅಲ್ಲಿಯವರೆಗೆ ಓಡಿಸಿದ ಮಂಗಳಗೌರಿ ಇಳಿದು ನನಗೆ ಜಾಗ ಕೊಟ್ಟಳು. ಹಿಂದಿನ ಸೀಟಿನಲ್ಲಿ ಉದಯಕುಮಾರ, ಪುಟ್ಟರಂಗಯ್ಯ. ಎಡಗಡೆ ಕುಳಿತ ಮಂಗಳಗೌರಿ ತನ್ನ ಎಡಗಾಲನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡಳು. ಆ ಕಾಲನ್ನು ಅಷ್ಟು ಹೊತ್ತು ಒಂದೇ ಕಡೆ ನಾನು ನೋಡಿದ್ದು ಅದೊಂದೇ ದಿನ. ಮೊದಲ ತಿರುವು ಹೇಗೋ ಕಳೆಯಿತು. ಎರಡನೆಯ ತಿರುವಿನಲ್ಲಿ ಕೋತಿಯೊಂದು ಮರಿಯನ್ನು ಕಟ್ಟಿಕೊಂಡು ಅಡ್ಡ ಬಂತು. ಕಾರು ನೆಗೆದು ನಿಂತಿತು.

“ಆಫ್ ಮಾಡಿದೆ” ಎಂದೆ.

“ಪರ್ವಾಗಿಲ್ಲ. ಹ್ಯಾಂಡ್‌ಬ್ರೇಕ್ ಎಳೀರಿ. ಈಗ ಕೀ.” ಅವಳ ಕೈ ತನ್ನ ಮಂಡಿಯನ್ನು ಒತ್ತಿ ಹಿಡಿದಿತ್ತು.

ಕೆಂಪಿ ಎದ್ದಿತು. ಮತ್ತೊಂದು ತಿರುವಿನಲ್ಲಿ ಎದುರಿಗೆ ಬಸ್ಸು ಇಳಿದು ಬಂತು. ಮತ್ತೆ ನಿಂತಿತು, ಮತ್ತೆ ಎದ್ದಿತು. ಬಸ್ಸಿನ ಕಂಡಕ್ಟರು ಕಿಟಕಿಯಿಂದ ಬಗ್ಗಿ “ಯಜಮಾನ್ರೇ, ದೇವರು ಎಲ್ಲಿಗೂ ಹೋಗಲ್ಲ, ನಿಧಾನಕ್ಕೆ ಬನ್ನಿ” ಎಂದು ಕೂಗಿದ. ಹಿಂದೆ ಪುಟ್ಟರಂಗಯ್ಯ “ನರಸಿಂಹ, ನರಸಿಂಹ” ಎನ್ನುತ್ತಿದ್ದರು. ಕ್ಲಚ್ಚಿನ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮುಂದೆ ಮರಗಳ ಸಂದಿಯಲ್ಲಿ ಗೋಪುರದ ತುದಿ ಕಂಡಾಗ ಉದಯಕುಮಾರನೇ “ಇನ್ನೊಂದೇ ತಿರುವು” ಎಂದ. ಅವನ ಮಾತಿನಲ್ಲಿ ಸೋಲಿನ ಬೇಸರವಿರಲಿಲ್ಲ.

ಮಂಗಳಗೌರಿ ತಲೆಯನ್ನು ಸ್ವಲ್ಪ ಓರೆ ಮಾಡಿ ಏನನ್ನೋ ಆಲಿಸುತ್ತಿದ್ದಳು. ಬಾನೆಟ್ಟಿನ ಅಂಚಿನಿಂದ ತೆಳ್ಳಗೆ ಹಬೆ ಏಳುತ್ತಿದ್ದುದು ಆಮೇಲೆ ನನಗೆ ಕಂಡಿತು. ಇನ್ನೊಂದೇ ತಿರುವಲ್ಲವೇ ಎಂದು ನಾನು ಇನ್ನಷ್ಟು ಆಕ್ಸಿಲರೇಟರ್ ಒತ್ತಿದೆ. ಅವಳು ಬಲಗಾಲಿನಿಂದ ಬ್ರೇಕ್ ಅದುಮಿ, ಹ್ಯಾಂಡ್‌ಬ್ರೇಕ್ ಎಳೆದು, ನನ್ನ ಎದೆಯ ಮುಂದಿನಿಂದ ಕೈ ಚಾಚಿ ಕೀ ತಿರುಗಿಸಿದಳು. ಕಾರಿನೊಳಗೆ ಒಮ್ಮೆಲೆ ನಿಶ್ಶಬ್ದವಾಯಿತು. ಮುಂದೆ ಎಲ್ಲೋ ನೀರು ಸುರ್ರೆನ್ನುತ್ತಿತ್ತು.

“ಅಯ್ಯೋ, ಆಫ್ ಆಯ್ತಲ್ಲಪ್ಪ” ಎಂದರು ಪುಟ್ಟರಂಗಯ್ಯ.

“ಆಗ್ಲಿಲ್ಲ ರಂಗಣ್ಣ. ನಾನೇ ಆಫ್ ಮಾಡ್ದೆ” ಎಂದಳು ಮಂಗಳಗೌರಿ.

ಚಕ್ರಗಳಿಗೆ ಕಲ್ಲು ಕೊಟ್ಟು ಎಲ್ಲರೂ ಇಳಿದೆವು. ಕಾರು ತಣ್ಣಗಾಗುವವರೆಗೆ ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತೆವು. ಅವಳು ಮಾತ್ರ ಕಾರಿನ ಸುತ್ತ ಸುತ್ತುತ್ತಿದ್ದಳು. ಉದಯಕುಮಾರ ಬಾನೆಟ್ಟು ಎತ್ತಿ ನೋಡಿದ. ರೇಡಿಯೇಟರಿನ ರಬ್ಬರ್ ಪೈಪು ಸೀಳಿ ನೀರೆಲ್ಲ ಹೋಗಿತ್ತು.

“ಆ ತಿರುವು ಹತ್ತಿದ್ರೆ ಇಂಜಿನ್ ಕಥೆ ಮುಗೀತಿತ್ತು” ಎಂದ. ಸೀಳಿದ ಜಾಗವನ್ನು ಬೆರಳಿನಿಂದ ಮುಟ್ಟಿ, “ಪೈಪ್ ಹೋಗಿದ್ದು ಇಂಜಿನ್ ತಪ್ಪಲ್ಲ ಗೌರಿ. ಪಂದ್ಯ ಬಿಡು” ಎಂದ.

“ತಿರುವು ಹತ್ತಿದ್ರೆ ನಾನು ಗೆಲ್ತಿದ್ದೆ. ಅದು ಸಾಯ್ತಿತ್ತು. ಗೆದ್ದು ಏನ್ ಮಾಡ್ಲಿ?” ಎಂದಳು. “ಮೇಲಕ್ಕೆ ಹೋಗ್ಲಿಲ್ಲ, ಮತ್ತೆ ಸ್ಟಾರ್ಟೂ ಮಾಡ್ಲಿಲ್ಲ. ಒಪ್ಪಿದ್ದು ಒಪ್ಪಿದ್ದೇ. ನಿನ್ ಗಾಡಿ ತರ್ಸು.” ಹೀಗೆಂದವಳು ನಮಗೆ ಬೆನ್ನು ಹಾಕಿ, ಬಿಸಿಯಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು, ಸುಟ್ಟಿತೆಂದು ತೆಗೆದು, ಮತ್ತೆ ಇಟ್ಟಳು. ಉದಯಕುಮಾರ ಹೊಸ ಪೈಪು ತರುತ್ತೇನೆಂದು ಇಳಿಜಾರಿನಲ್ಲಿ ನಡೆದುಬಿಟ್ಟ. ಅವನು ನಡೆದ ರೀತಿಯಲ್ಲಿ ಗೆದ್ದವನ ಲಕ್ಷಣವಿರಲಿಲ್ಲ.

ಪುಟ್ಟರಂಗಯ್ಯ ಕೆಮ್ಮಿದರು. “ಗೌರಮ್ಮ, ಹೆಂಗೂ ಕೊಡೋದೇ ಆದ್ರೆ ನಮ್ಮಟ್ಟಿಗೆ ಬರ್ಲಿ. ನಂಗೂ ಒಂದು ಕಾರ್ ಬೇಕಲ್ಲ.”

“ನಿಮಗೆ ಅಂಬಾಸಿಡರ್ ಅಲ್ವಾ ದೊಡ್ಡದು?”

“ಅದು ನೀರೆತ್ತಕ್ಕೆ ತಾಯಿ. ಕೂತ್ಕಂಡು ಹೋಗಕ್ಕೆ ಇದೇ ಆಯ್ತದೆ.”

ಅವಳು ನಕ್ಕಳು. ಒಂದೇ ಷರತ್ತು ಹಾಕಿದಳು: ಮನೆಯಲ್ಲಿ ಕಲಿಯಬೇಕೆನ್ನುವವರು ಯಾರಿದ್ದರೂ ಕೆಂಪಿಯಲ್ಲೇ ಕಲಿಯಬೇಕು, ಕಲಿಸಲು ತಾನೇ ಬರುತ್ತೇನೆ.

ಹಾಗೆ ಕೆಂಪಿ ಹೆಬ್ಬೂರಿಗೆ ಹೋಯಿತು. ಗುಬ್ಬಿಯ ಸ್ಕೂಲಿಗೆ ಕ್ಲಚ್ಚಿಲ್ಲದ ಬಿಳಿಯ ಕಾರು ಬಂತು. ಎಡಗಡೆಯ ಬ್ರೇಕ್ ಪೆಡಲನ್ನು ಉದಯಕುಮಾರ ಅದಕ್ಕೆ ಹೊಸದಾಗಿ ಕೂರಿಸಿದ, ಕೆಂಪಿಯ ಎಡಗಡೆಯ ಎರಡು ಪೆಡಲುಗಳನ್ನೂ ಬಿಚ್ಚಿಟ್ಟ. ಸ್ಕೂಲಿಗೆ ಜನ ಹೆಚ್ಚಾದರು, ಅವನು ಹೇಳಿದ್ದು ಸುಳ್ಳಾಗಲಿಲ್ಲ. ಮಂಗಳಗೌರಿ ಬೆಳಗ್ಗೆಯೆಲ್ಲ ಅದರಲ್ಲಿ ಕಲಿಸುತ್ತಾಳೆ. ಜನ ಬೇಗ ಕಲಿಯುತ್ತಾರೆ, ಕಾರು ನೆಗೆಯುವುದಿಲ್ಲ, ನಿಲ್ಲುವುದಿಲ್ಲ. ಪಾಠ ಮುಗಿದ ಮೇಲೆ ಅವಳು ಟೀ ಅಂಗಡಿಯ ಮುಂದೆ ಮೊದಲಿಗಿಂತ ಜೋರಾಗಿ ಓಡಾಡುತ್ತಾಳೆ. “ಬಾಯಿಗೆ ಕೆಲಸವೇ ಇಲ್ಲ ಮೇಷ್ಟ್ರೇ” ಎನ್ನುತ್ತಾಳೆ. ಇಂಜಿನ್ನಿನ ವಾದ ಈಗಲೂ ನಡೆಯುತ್ತದೆ. ಉದಯಕುಮಾರ ಕ್ವಾಲಿಸನ್ನು ಬಿಟ್ಟುಕೊಟ್ಟಿಲ್ಲ. ಆದರೆ ಹೊಲಿಗೆ ಮಿಷನ್ನು ಎಂಬ ಮಾತನ್ನು ಅವನ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ.

ಭಾನುವಾರ ಬಂದರೆ ಅವಳು ತುಮಕೂರಿನಲ್ಲಿ ಬಸ್ಸು ಬದಲಾಯಿಸಿ ಹೆಬ್ಬೂರಿಗೆ ಹೋಗುತ್ತಾಳೆ. ನನಗೂ ಲೈಸೆನ್ಸು ಸಿಕ್ಕಿದೆ, ಮನೆಗೆ ಒಂದು ಕಾರೂ ಬಂದಿದೆ. ಮೊನ್ನೆ ಶಕುಂತಲಮ್ಮನನ್ನು ಕೂರಿಸಿಕೊಂಡು ಕೊತ್ತಗೆರೆಗೆ ಹೊರಟವನು ದಾರಿಯಲ್ಲಿ ಪುಟ್ಟರಂಗಯ್ಯನವರ ತೋಟದ ಬಳಿ ನಿಲ್ಲಿಸಿದೆ. ತೆಂಗಿನ ಸಾಲುಗಳ ನಡುವಿನ ಮಣ್ಣುದಾರಿಯಲ್ಲಿ ಕೆಂಪಿ ಬರುತ್ತಿತ್ತು. ಸ್ಟೀರಿಂಗ್ ಹಿಡಿದಿದ್ದವರು ಪುಟ್ಟರಂಗಯ್ಯನವರ ಹೆಂಡತಿ ಸಿದ್ದಗಂಗಮ್ಮ. ಹಾಲಿನ ಡೈರಿಗೆ ಕ್ಯಾನು ಸಾಗಿಸಲು ಗಂಡನನ್ನು ಕಾಯಲಾರೆನೆಂದು ಕಲಿಯುತ್ತಿದ್ದಾರಂತೆ. ಡೈರಿಯ ಇನ್ನೂ ಇಬ್ಬರು ಹೆಂಗಸರು ಸರದಿಗಾಗಿ ಬದುವಿನ ಮೇಲೆ ಕುಳಿತಿದ್ದರು. ಎಡಗಡೆ ಮಂಗಳಗೌರಿ, ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ.

ನಮ್ಮ ಕಾರನ್ನು ಕಂಡು ಸಿದ್ದಗಂಗಮ್ಮ ಗಾಬರಿಗೊಂಡರು. ಕೆಂಪಿ ನೆಗೆದು ನಿಂತಿತು.

“ಅಯ್ ಶಿವನೇ, ಆಫ್ ಮಾಡ್ಬುಟ್ನಲ್ಲಾ!”

“ಮಾಡಿದ್ರೆ ಮಾಡಿದ್ರಿ ಬುಡಿ ಅಕ್ಕ” ಎಂದಳು ಮಂಗಳಗೌರಿ. “ಕ್ಲಚ್ ಒತ್ತಿ. ಪೂರ್ತಿ ಒತ್ತಿ. ಈಗ ತಿರುಗ್ಸಿ.”

ನಾನು ಕಿಟಕಿಯ ಬಳಿ ಹೋಗಿ ನಿಂತರೂ ಅವಳು ನನ್ನತ್ತ ನೋಡಲಿಲ್ಲ. ಪೆಡಲಿಲ್ಲದ ಬರಿಯ ನೆಲವನ್ನು ಅವಳ ಎಡಗಾಲು ಪೂರ್ತಿ ಒತ್ತಿ ಹಿಡಿದಿತ್ತು.