ಒಲೆಯಿಲ್ಲದ ಊರಿಗೆ ನಾಲ್ಕು ದಿನ

ಕೃಷ್ಣಮ್ಮ ತೀರಿಕೊಂಡರೆಂದು ಈ ಲೇಖಕ ಒಮ್ಮೆ ಅರ್ಧ ದಿನ ಪೂರ್ತಿ ನಂಬಿದ್ದ. ತುಮಕೂರು ರಸ್ತೆಯ ಬಸ್ಸಿನ ಕಿಟಕಿಯಿಂದ ಮಾಕಳಿಯ ನಿಲ್ದಾಣದ ಪಕ್ಕ ಆಳೆತ್ತರದ ಫ್ಲೆಕ್ಸ್ ಕಂಡಿತ್ತು. ಸುತ್ತ ಗುಲಾಬಿ ಹೂವಿನ ಅಂಚು, ನಡುವೆ ಕೃಷ್ಣಮ್ಮನವರ ಮುಖ. ನಗುವಿಲ್ಲ, ಹೂವಿಲ್ಲ, ಕಣ್ಣು ಮಿಟುಕಿಸದ ನೇರ ನೋಟ. ಕೆಳಗೆ ಸಾಲಾಗಿ ಏಳು ಮಂದಿ ಗಂಡಸರು ಕೈಮುಗಿದು ನಿಂತಿದ್ದರು. ಬದುಕಿರುವ ಹೆಂಗಸಿನ ಮುಂದೆ ಆ ಏಳು ಜನ ಕೈಮುಗಿಯುವವರಲ್ಲ ಎಂಬುದು ಗೊತ್ತಿದ್ದ ಲೇಖಕ ಬೇರೇನು ತಿಳಿದಾನು? ಅಕ್ಷರ ಓದುವಷ್ಟರಲ್ಲಿ ಬಸ್ಸು ಮುಂದೆ ಹೋಗಿತ್ತು. ಕೃಷ್ಣಮ್ಮನವರ ವಠಾರದ ಒಂಬತ್ತನೇ ನಂಬರಿನ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದ ಋಣ. ಸಂಜೆ ಸುಗಂಧರಾಜದ ಹಾರ ಕೊಂಡು ಹೋದರೆ, ಗೇಟಿನಲ್ಲಿ ಪೊರಕೆ ಹಿಡಿದು ನಿಂತಿದ್ದವರು ಸಾಕ್ಷಾತ್ ಕೃಷ್ಣಮ್ಮ.

“ಯಾರ್ಗಪ್ಪಾ ಹಾರ?”

“ದೇವರಿಗಮ್ಮ.”

“ನೀನು ಯಾವತ್ತು ದೇವ್ರ ಕಡೆ ತಿರುಗಿ ನೋಡ್ದೋನು?” ಎಂದವರೇ ಹಾರವನ್ನು ಕಿತ್ತುಕೊಂಡು ಬೋರ್‌ವೆಲ್ಲಿನ ಪೈಪಿಗೆ ಸುತ್ತಿ, ಗುಡಿಸುವುದನ್ನು ಮುಂದುವರಿಸಿದರು.

ಆ ಫ್ಲೆಕ್ಸಿನ ಹಿಂದಿನ ಸಂಗತಿ ಆಮೇಲೆ ತಿಳಿಯಿತು. 2012ರ ಮಾತು.

ಕೃಷ್ಣಮ್ಮನವರಿಗೆ ಆಗ ಐವತ್ತೊಂದು. ಇಪ್ಪತ್ತೆರಡು ಮನೆಗಳ ವಠಾರ. ಬಾಡಿಗೆಗಿದ್ದವರು ಹೆಚ್ಚಿನಂಶ ಬಾಗಲಕೋಟೆ, ಕೊಪ್ಪಳದ ಕಡೆಯವರು. ಪೀಣ್ಯದ ಕಾರ್ಖಾನೆಗಳಲ್ಲಿ ಮೂರು ಪಾಳಿಯಲ್ಲಿ ದುಡಿಯುವವರು. ಬೋರ್‌ವೆಲ್ ನೀರು ಬೆಳಗಿನ ಐದಕ್ಕೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ. ಮೋಟರಿನ ಸ್ವಿಚ್ಚು ಕೃಷ್ಣಮ್ಮನ ಮನೆಯ ಗೋಡೆಯಲ್ಲಿ. ನೀರು ಬಾರದಿದ್ದರೆ “ಅಕ್ಕಾರ”, ಬಲ್ಬು ಹೋದರೆ “ಅಕ್ಕಾರ”, ಪಕ್ಕದ ಮನೆಯವನು ಟೀವಿ ಜೋರು ಹಚ್ಚಿದರೆ “ಅಕ್ಕಾರ”. ಹದಿನೆಂಟು ವರ್ಷದಿಂದ ಅವರನ್ನು ಯಾರೂ ಒಂದು ಗಂಟೆ ಕೂಗದೆ ಬಿಟ್ಟಿರಲಿಲ್ಲ.

ಗಂಡ ಚಿಕ್ಕಬೈರಪ್ಪನವರು ಮಾತ್ರ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಅವರು ಊರಿನ ಮನೆ ಮಾಲೀಕರ ಸಂಘದ ಅಧ್ಯಕ್ಷರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎರಡರಲ್ಲೂ ಇಂಕಿಲ್ಲ. ಅಧ್ಯಕ್ಷರಾದವರು ಮೋಟರು ಹಾಕುತ್ತಾ ನಿಂತರೆ ಸಂಘದ ಘನತೆ ಏನಾಗಬೇಕು?

ಸಂಘದ ಮುಖ್ಯ ಕೆಲಸವೆಂದರೆ ವರ್ಷಕ್ಕೊಂದು ಬಸ್ ಪ್ರವಾಸ. ಬಸ್ಸಿನ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರು, ದೊಡ್ಡ ಒಲೆ, ಹಂಡೆ. ಗಂಡಸರು ಇಳಿದು ಊರು ನೋಡುವರು. ಕೃಷ್ಣಮ್ಮ ಇಳಿದು ಈರುಳ್ಳಿ ಹೆಚ್ಚುವರು. ಕನ್ಯಾಕುಮಾರಿ ಎಂದರೆ ಅವರಿಗೆ ಗಾಳಿಗೆ ಒಲೆ ಹತ್ತದ ಊರು. ರಾಮೇಶ್ವರ ಎಂದರೆ ಅನ್ನಕ್ಕೆ ಮರಳು ಬಿದ್ದ ಊರು. ಉಂಡ ಗಂಡಸರು ಸಾರಿನ ಪಾತ್ರೆಯಲ್ಲೇ ಕೈ ತೊಳೆದು, ತೊಳೆದ ನೀರಲ್ಲೇ ಬಾಯಿ ಮುಕ್ಕಳಿಸಿ ಉಗಿದು, “ಊಟ ಫಸ್ಟ್‌ಕ್ಲಾಸ್ ಅಕ್ಕ” ಎನ್ನುತ್ತಿದ್ದರು. ಕೃಷ್ಣಮ್ಮ ಆ ಪಾತ್ರೆಯನ್ನು ಮೂರು ಮೂರು ಸಲ ಉಜ್ಜುತ್ತಿದ್ದರು.

ಅಣ್ಣನ ಮಗಳು ದಿವ್ಯಾ ಜಾಲಹಳ್ಳಿ ಕ್ರಾಸಿನ ಒಂದು ಟ್ರಾವೆಲ್ಸಿನಲ್ಲಿ ವಿಮಾನದ ಟಿಕೆಟ್ ಮಾಡುವ ಹುಡುಗಿ. ಅತ್ತೆಗೆ ಹಿಂದಿನ ವರ್ಷವೇ ಹಟ ಹಿಡಿದು ಪಾಸ್‌ಪೋರ್ಟ್ ಮಾಡಿಸಿದ್ದಳು. ಒಂದು ಭಾನುವಾರ ಬಂದು ಅಡುಗೆಮನೆಯ ಕಟ್ಟೆ ಏರಿ ಕೂತಳು.

“ಅತ್ತೆ, ಸಿಂಗಪೂರ್‌ಗೆ ಆಫರ್ ಬಂದಿದೆ. ನಾಲ್ಕು ದಿನ. ನಮ್ಮೂರಿಂದ ಡೆಲ್ಲಿಗೆ ಹೋಗೋಕಿಂತ ಕಮ್ಮಿ. ನೀವೂ ನಾನೂ ಅಷ್ಟೇ.”

“ಎಲ್ಲಿ ಮಲಗೋದು?”

“ಹೆಂಗಸ್ರಿಗೇ ಅಂತ ಒಂದು ರೂಮಿರತ್ತೆ. ಆರು ಮಂಚ, ರೈಲಿನ ಥರ ಮೇಲೊಂದು ಕೆಳಗೊಂದು. ಓಡಾಡೋಕೆ ಸಿಟಿ ಬಸ್ಸು. ಸಮುದ್ರದ ಪಕ್ಕ ಕೂತ್ಕೊಳೋಕೆ ದುಡ್ಡಿಲ್ಲ. ತಮಿಳ್ರು ಹೋಟ್ಲಲ್ಲಿ ದೋಸೆ ಸಿಗತ್ತೆ. ಬೆಳಿಗ್ಗೆ ಬ್ರೆಡ್ಡು ಅವರೇ ಕೊಡ್ತಾರೆ.”

ಕೃಷ್ಣಮ್ಮ ಸೌಟನ್ನು ಕೆಳಗಿಟ್ಟರು. “ಅಲ್ಲಿ ಅಡುಗೆಮನೆ ಐತಾ?”

“ಇಲ್ಲ ಅತ್ತೆ. ಬೇಕಂದ್ರೆ ಬೇರೆ ಕಡೆ...”

“ಬ್ಯಾಡ. ಅದೇ ಮಾಡು.”

ನಾಲ್ಕು ದಿನ ಯಾರೂ ಕೂಗಬಾರದು, ಎದುರಿಗೆ ಒಲೆ ಇರಬಾರದು. ಕೃಷ್ಣಮ್ಮನ ವಿದೇಶದ ಆಸೆ ಇಷ್ಟೇ. ದಿವ್ಯಾ ಆವತ್ತೇ ಎರಡು ಟಿಕೆಟ್ ಮಾಡಿದಳು.

ಸುದ್ದಿ ಹಾಲ್‌ಗೆ ದಾಟಿದ್ದೇ ತಡ, ಚಿಕ್ಕಬೈರಪ್ಪನವರಿಗೆ ಜ್ಞಾನೋದಯವಾಯಿತು. ಇಬ್ಬರು ಹೆಂಗಸರು ಅಷ್ಟು ಅಗ್ಗದಲ್ಲಿ ಹೋಗಬಹುದಾದರೆ ಸಂಘ ಯಾಕೆ ಹೋಗಬಾರದು? ಬುಧವಾರ ಸಂಜೆಗೆ ಸಭೆ ಸೇರಿತು. ಕಾರ್ಯದರ್ಶಿ ಶಿವಶಂಕರ್ ನೋಟ್‌ಬುಕ್ ಬಿಚ್ಚಿದ. ಕೃಷ್ಣಮ್ಮ ಮಧ್ಯಾಹ್ನ ಒರೆಸಿದ್ದ ನೆಲದ ಮೇಲೆ ಕಡಲೆಕಾಯಿ ಸಿಪ್ಪೆ ಬಿತ್ತು. ಒಬ್ಬ ಕಾಲಿನ ಹೆಬ್ಬೆರಳ ಉಗುರು ಕಿತ್ತು ಸೋಫಾದ ಸಂದಿಗೆ ತೂರಿಸಿದ. ಇನ್ನೊಬ್ಬ ಗುಟ್ಕಾ ಉಗಿಯಲು ಎದ್ದು ಹೋಗುವ ಬದಲು ಕಾಫಿ ಕುಡಿದ ಲೋಟವನ್ನೇ ಬಾಯಿಯ ಹತ್ತಿರ ತಂದ. ಅದು ಕೃಷ್ಣಮ್ಮನ ತವರಿನ ಲೋಟ. ಕೃಷ್ಣಮ್ಮ ಬಾಗಿಲ ಹಿಂದೆ ನಿಂತು “ಥೂ” ಎಂದರು. ಸಭೆಗೆ ಕೇಳಿಸಲಿಲ್ಲ.

“ಅಣ್ಣ, ಹೋಟ್ಲು ಅಂದ್ರೆ ದಂಡ,” ಎಂದ ಶಿವಶಂಕರ್. “ಒಂದು ಫ್ಲ್ಯಾಟ್ ನೋಡಿದ್ದೀನಿ. ಎರಡು ರೂಮು, ದೊಡ್ಡ ಕಿಚನ್ನು. ನಾವು ಏಳು ಜನ ಹೆಂಗೋ ಉರುಳ್ಕೊಂತೀವಿ.”

“ಅಕ್ಕ?” ಎಂದ ಉಗುರಿನವನು.

“ಅಕ್ಕಂಗೆ ಕಿಚನ್ ಇದೆಯಲ್ಲ.”

“ರಾಗಿ ಹಿಟ್ಟು ಇಲ್ಲಿಂದ್ಲೇ ತಕ್ಕೊಂಡೋಗವ,” ಎಂದರು ಅಧ್ಯಕ್ಷರು. “ಕುಕ್ಕರು, ಮುದ್ದೆ ಕೋಲು, ಖಾರದ ಪುಡಿ. ಮೂರೊತ್ತೂ ಅವಳು ಬೇಯ್ಸಾಕಿದ್ರೆ ಊಟದ ಖರ್ಚೇ ಇಲ್ಲ. ಅವಳಿಗೂ ಬೇಜಾರಾಗಲ್ಲ.”

“ಸಕ್ಕತ್ ಐಡಿಯಾ ಅಣ್ಣ! ಗುರುವಾರ ಕೋಳಿ?”

“ಸಮುದ್ರದೂರು ಕಣೋ, ಮೀನು ತಿನ್ನವ. ಕ್ಲೀನ್ ಮಾಡೋಕೆ ಅವಳವ್ಳಲ್ಲ.”

ಏಳು ಜನರೂ ನಕ್ಕರು. ಬಾಯಲ್ಲಿದ್ದ ಕಡಲೆಕಾಯಿ ಚೂರು ಟೀಪಾಯಿಯ ಮೇಲೆ ಸಿಡಿಯಿತು. ದಿವ್ಯಾಳಿಗೆ ಆಫೀಸು ಇರುತ್ತದಲ್ಲ, ಅವಳ ಟಿಕೆಟನ್ನು ಚಿಕ್ಕಬೈರಪ್ಪನವರ ಹೆಸರಿಗೆ ಬದಲಾಯಿಸಿದರಾಯಿತು ಎಂದೂ ನಿರ್ಣಯವಾಯಿತು.

ಆ ರಾತ್ರಿ ಸೋಫಾದ ಸಂದಿಯಿಂದ ಉಗುರು ಆರಿಸುತ್ತಾ ಕೃಷ್ಣಮ್ಮ ಗಂಡನಿಗೆ ಹೇಳಿದರು: “ನಾನು ಅಡುಗೆ ಮಾಡಾಕೆ ಓಗ್ತಿಲ್ಲ ಕಣಯ್ಯ.”

“ಯಾರಮ್ಮಿ ಅಂದಿದ್ದು ಅಡುಗೆ ಅಂತ? ನೀನು ತಂಡದ ನಾಯಕಿ!”

ಈ ಪದವಿ ಅವರಿಗೆ ಬಂದದ್ದಕ್ಕೂ ಕಾರಣವಿತ್ತು. ಪ್ರತಿ ವರ್ಷದ ಬಸ್ ಪ್ರವಾಸಕ್ಕೆ ಸಂಘದವರು ಮಾಡುತ್ತಿದ್ದದ್ದು ಇಷ್ಟು: ಯಾರಾದರೂ ಒಬ್ಬರನ್ನು ಲೀಡರ್ ಎಂದು ಬರೆಸಿ ಅವರ ಗುರುತಿನ ಚೀಟಿ ಕೊಡುವುದು, ಉಳಿದವರ ಹೆಸರನ್ನು ಲೆಟರ್‌ಹೆಡ್ಡಿನ ಮೇಲೆ ಟೈಪು ಮಾಡಿಸಿ ಸಂಘದ ದುಂಡು ಸೀಲು ಒತ್ತುವುದು. ಅದನ್ನು ಚೆಕ್‌ಪೋಸ್ಟಿನಲ್ಲಿ ತೋರಿಸಿದರೆ ತಮಿಳುನಾಡು, ಕೇರಳ, ಆಂಧ್ರ ಮೂರೂ ಬಾಗಿಲು ತೆರೆದಿದ್ದವು. ಸಿಂಗಪುರ ಎಷ್ಟರದು? ಪಾಸ್‌ಪೋರ್ಟ್ ಇದ್ದದ್ದು ಕೃಷ್ಣಮ್ಮನಿಗೊಬ್ಬರಿಗೇ. ಆದ್ದರಿಂದ ಅವರು ಲೀಡರು. ಫ್ಲೆಕ್ಸಿನ ನಡುವೆ ರಾರಾಜಿಸಿದ್ದು ಆ ಪಾಸ್‌ಪೋರ್ಟಿನ ಫೋಟೋವೇ. “ಸಿಂಗಪುರ ಪ್ರವಾಸ ಕೈಗೊಂಡಿರುವ ತಂಡದ ನಾಯಕಿ ಶ್ರೀಮತಿ ಕೃಷ್ಣಮ್ಮನವರಿಗೆ ಹಾರ್ದಿಕ ಶುಭಾಶಯಗಳು” ಎಂದು ಬರೆಸಿ, ಅದಕ್ಕಿಂತ ದಪ್ಪ ಅಕ್ಷರದಲ್ಲಿ “ಪ್ರವಾಸದ ರೂವಾರಿ: ಚಿಕ್ಕಬೈರಪ್ಪ” ಎಂದೂ, ಎಲ್ಲಕ್ಕಿಂತ ದಪ್ಪದಲ್ಲಿ ಹೊರಡುವ ತಾರೀಖನ್ನೂ ಹಾಕಿಸಲಾಯಿತು. ಶಿವಶಂಕರನ ನೋಟ್‌ಬುಕ್ಕಿನಲ್ಲಿ ಮಾತ್ರ ಅದೇ ನಾಯಕಿಯ ಹೆಸರಿನ ಮುಂದೆ “ಅಡುಗೆ” ಎಂದಿತ್ತು.

ಕೃಷ್ಣಮ್ಮ ಸಂಜೆ ಹೊತ್ತು ನಿಲ್ದಾಣದಲ್ಲಿ ತಮ್ಮದೇ ಮುಖ ನೋಡಿ, ಸಗಣಿ ತುಳಿದವರ ಹಾಗೆ ತಿರುಗಿಕೊಂಡು ಬಂದರು. ಮನೆಯಲ್ಲಿ ಮೂಟೆ ಸಿದ್ಧವಾಗುತ್ತಿತ್ತು: ಹತ್ತು ಸೇರು ರಾಗಿ ಹಿಟ್ಟು, ಎರಡು ಕುಕ್ಕರು, ಮೀನು ಕೊಯ್ಯುವ ಕತ್ತಿ. ಆ ಕತ್ತಿ ನೋಡಿದಾಗಲೆಲ್ಲ ಅವರ ಮೂಗಿಗೆ ಮೀನಿನ ವಾಸನೆ ಬರುತ್ತಿತ್ತು.

ಹೊರಡಲು ಹನ್ನೆರಡು ದಿನ ಇದ್ದಾಗ ದಿವ್ಯಾ ಬಂದಳು. ಸಭೆ ಸೇರಿತ್ತು. ಸಿಪ್ಪೆ ಬಿದ್ದಿತ್ತು.

“ಮಾವ, ಟಿಕೆಟ್ ಮಾಡ್ಬೇಕು, ವೀಸಾಕ್ಕೆ ಹಾಕ್ಬೇಕು. ಎಲ್ಲಾರ ಪಾಸ್‌ಪೋರ್ಟ್ ಕೊಡಿ.”

ಶಿವಶಂಕರ್ ಹೆಮ್ಮೆಯಿಂದ ಲೆಟರ್‌ಹೆಡ್ಡು ಚಾಚಿದ. ಏಳು ಹೆಸರು, ಕೆಳಗೆ “ಮೇಲ್ಕಂಡವರೆಲ್ಲರೂ ಸನ್ನಡತೆಯುಳ್ಳವರು” ಎಂಬ ಒಕ್ಕಣೆ, ದುಂಡು ಸೀಲು.

“ಇದೇನಣ್ಣ?”

“ಪ್ಯಾಸೆಂಜರ್ ಲಿಸ್ಟಮ್ಮ. ಲೀಡರ್ ಪಾಸ್‌ಪೋರ್ಟ್‌ಗೆ ಪಿನ್ ಹೊಡ್ದು ಕೊಟ್ರಾಯ್ತು.”

ದಿವ್ಯಾ ಹಾಳೆಯನ್ನು ತಿರುಗಿಸಿ ನೋಡಿದಳು, ಹಿಂದೆ ಏನಾದರೂ ಇದೆಯೇನೋ ಎಂಬಂತೆ. “ಅಣ್ಣ, ಅದು ವಿಮಾನ. ತಲೆಗೊಂದು ಪಾಸ್‌ಪೋರ್ಟ್ ಬೇಕು. ಇಷ್ಟು ದಿನ್ದಲ್ಲಿ ಆಗಲ್ಲ.”

“ವೋಟರ್ ಕಾರ್ಡ್ ಐತಲ್ಲಮ್ಮ?” ಎಂದರು ಅಧ್ಯಕ್ಷರು.

“ಅವರೇನು ನಿಮ್ಮ ವೋಟು ಕೇಳ್ತಾರಾ ಮಾವ?”

ಏಳು ಜನರಲ್ಲಿ ಯಾರ ಬಳಿಯೂ ಪಾಸ್‌ಪೋರ್ಟ್ ಇರಲಿಲ್ಲ. ಗುಟ್ಕಾದವನು ಗಾಬರಿಗೆ ರಸ ನುಂಗಿ ಕೆಮ್ಮಿದ. ಚಿಕ್ಕಬೈರಪ್ಪನವರು ಒಂದು ಪೆನ್ನು ತೆಗೆದು, ನೋಡಿ, ಮತ್ತೆ ಜೇಬಿಗಿಟ್ಟು ತೀರ್ಪು ಕೊಟ್ಟರು.

“ಅಂಗಾದ್ರೆ ಕ್ಯಾನ್ಸಲ್. ಮುಂದಿನ ವರ್ಷ ಎಲ್ಲಾ ಒಟ್ಟಿಗೆ ಓಗವ. ಇವಳೊಬ್ಳೇ ಓದ್ರೆ ಚೆನ್ನಾಗಿರಲ್ಲ. ಮೋಟ್ರು ಬೇರೆ ಯಾರಾಕ್ತಾರೆ?”

ಕೃಷ್ಣಮ್ಮನಿಗೆ ಮುಂದಿನ ವರ್ಷ ಎಂದರೆ ಏಳು ಪಾಸ್‌ಪೋರ್ಟು, ಎರಡು ಕುಕ್ಕರು, ಆ ಕತ್ತಿ. ಒಲೆಯಿಲ್ಲದ ನಾಲ್ಕು ದಿನ ಈ ಜನ್ಮಕ್ಕೆ ಮುಗಿದ ಹಾಗೆ. ಅವರು ಮೊದಲ ಸಲ ಬಾಗಿಲ ಹಿಂದಿನಿಂದ ಹೊರಗೆ ಬಂದು, ಸಿಪ್ಪೆಯ ನಡುವೆ ನಿಂತರು.

“ಬೋರ್ಡು?”

“ಯಾವ ಬೋರ್ಡು?”

“ಬಸ್ಟಾಪಲ್ಲಿ ನನ್ ಮುಖ ನೇತಾಕಿದ್ದೀಯಲ್ಲ, ಅದು. ಇಷ್ಟು ದಪ್ಪ ತಾರೀಕು ಬರೆಸಿದ್ದೀಯ. ಪಂಚಾಯ್ತಿಯೋರು ಓದವ್ರೆ, ಬೇಕ್ರಿಯೋನು ಓದವ್ನೆ, ನೆಲಮಂಗಲದ ನಿನ್ ಬೀಗ್ರು ಫೋನ್ ಮಾಡಿ ಚಾಕ್ಲೇಟ್ ಕೇಳವ್ರೆ. ಆವತ್ತು ಈ ಮನೆಯಿಂದ ಯಾರಾರೂ ಒಬ್ರು ಒರಡಬೇಕಲ್ಲಯ್ಯ. ನೀನು ಓಗಂಗಿಲ್ಲ, ಇವರ್ಯಾರೂ ಓಗಂಗಿಲ್ಲ. ಹೇಳು, ಏನ್ ಮಾಡ್ತೀಯ?”

ಅಧ್ಯಕ್ಷರು ಎರಡನೇ ಪೆನ್ನಿಗೆ ಕೈ ಹಾಕಿದರು. ಬೀಗರ ನಗು ಅವರ ಕಿವಿಗೆ ಈಗಾಗಲೇ ಕೇಳಿಸುತ್ತಿದ್ದಿರಬೇಕು. ಶಿವಶಂಕರ್ ಮೆಲ್ಲಗೆ, “ಅಣ್ಣ, ನಾಯಕಿ ಹೋದ್ರೆ ಸಂಘ ಹೋದಂಗೇ ಲೆಕ್ಕ,” ಎಂದ.

“ನಾನೂ ಅದೇ ಹೇಳನ ಅಂತಿದ್ದೆ,” ಎಂದರು ಚಿಕ್ಕಬೈರಪ್ಪ.

ಉಳಿದದ್ದು ಮೋಟರು. ಐದನೇ ನಂಬರಿನ ಹೊಳೆವ್ವ ಅಂಗಳದಲ್ಲಿ ಬಟ್ಟೆ ಹಿಂಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. “ನಾ ಹಚ್ತೀನಿ ಬಿಡ್ರಿ ಅಕ್ಕಾರ. ಸ್ವಿಚ್ಚ ಒತ್ತಾಕ ಅಧ್ಯಕ್ಷರ ಆಗಬೇಕೇನ್ರಿ? ನೀವು ಹೋಗಿ ಬರ್ರಿ ಆರಾಮ.”

ಕೃಷ್ಣಮ್ಮ ಹೋದರು. ಕೈಯಲ್ಲೊಂದು ಬಟ್ಟೆಯ ಚೀಲ, ಎರಡು ಸೀರೆ. ಹೆಸರು ಬದಲಾಗದ ತನ್ನ ಟಿಕೆಟಿನಲ್ಲೇ ಜೊತೆಗೆ ಬಂದ ದಿವ್ಯಾ ಊರೆಲ್ಲ ತಿರುಗಿದಳು. ಅವರು ನಾಲ್ಕು ದಿನವೂ ನೀರಿನ ಪಕ್ಕದ ಒಂದೇ ಕಲ್ಲುಬೆಂಚಿನಲ್ಲಿ ಕೂತರು. ಬೆಳಗಿನ ಬ್ರೆಡ್ಡು ಒದ್ದೆ ಹತ್ತಿಯ ಹಾಗಿತ್ತು, ಮೇಲಿನ ಮಂಚದವಳು ಗೊರಕೆ ಹೊಡೆಯುತ್ತಿದ್ದಳು. ಆದರೆ ಆ ಬ್ರೆಡ್ಡನ್ನು ಬೇಯಿಸಿದವರು ಬೇರೆ ಯಾರೋ, ತಟ್ಟೆ ಎತ್ತಿಕೊಂಡು ಹೋದವರು ಇನ್ಯಾರೋ. ಎರಡನೆಯ ದಿನ ಬೆಳಗಿನ ಐದಕ್ಕೆ ಎಚ್ಚರವಾಗಿ, ಯಾರೂ ಕೂಗಲಿಲ್ಲವೆಂದು ಖಾತ್ರಿಯಾದ ಮೇಲೆ ಮಗ್ಗುಲು ಬದಲಾಯಿಸಿ ಎಂಟರವರೆಗೆ ಮಲಗಿದರು. ಮದುವೆಯಾದ ಮೇಲೆ ಅದೇ ಮೊದಲು.

ವಾಪಸು ಬಂದಾಗ ಮನೆಯಲ್ಲಿ ಸಂಘ ಸೇರಿತ್ತು. ಶಾಲು ಇತ್ತು, ಮೈಕು ಇತ್ತು. ಒಳಗೆ ಸಿಂಕಿನಲ್ಲಿ ನಾಲ್ಕು ದಿನದ ಪಾತ್ರೆಗಳಿದ್ದವು. ಮೊದಲ ದಿನದ ಸಾರಿನ ಮೇಲೆ ಬೂದು ಬಣ್ಣದ ತುಪ್ಪುಳ ಬೆಳೆದಿತ್ತು. ಮುದ್ದೆಯ ಬೋಗುಣಿಯಲ್ಲಿ ಯಾರೋ ಗುಟ್ಕಾ ಉಗಿದಿದ್ದರು. ಕೃಷ್ಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಬೋಗುಣಿಯನ್ನು ಎರಡು ಬೆರಳಿನಲ್ಲಿ ಎತ್ತಿ ತಂದು, ಹಾಲ್‌ನ ನಡುವೆ, ಅಧ್ಯಕ್ಷರ ಕಾಲ ಬುಡದಲ್ಲಿ ಇಟ್ಟು ಕುರ್ಚಿಯಲ್ಲಿ ಕೂತರು. ಚಿಕ್ಕಬೈರಪ್ಪನವರು ಅದನ್ನು ಕಾಣದವರ ಹಾಗೆ ಕಾಲು ಮಡಚಿಕೊಂಡರು.

ಶಾಲು ಹೊದಿಸಿ, ಗಂಟಲು ಸರಿಮಾಡಿಕೊಂಡು ಶಿವಶಂಕರ್ ಮೈಕಿನಲ್ಲಿ ಕೇಳಿದ: “ಅಕ್ಕ, ಇಷ್ಟು ದೊಡ್ಡ ಮನೆತನದೋರು ನೀವು, ಅಧ್ಯಕ್ಷರ ಮನೆಯೋರು. ಸಿಂಗಪೂರ್‌ನಲ್ಲಿ ಯಾರಾದ್ರೂ ನಿಮ್ಮನ್ನ ಗುರುತು ಹಿಡಿದು ಮಾತಾಡ್ಸಿದ್ರಾ?”

“ಇಲ್ಲ,” ಎಂದರು ಕೃಷ್ಣಮ್ಮ. “ಅದುಕ್ಕೇ ಓಗಿದ್ದು.”