ಯಂಕಂಚಿಯ ನಾಲಬಂದ ಮತ್ತು ಸೋಮವಾರ ಬಂದ ಬೀಗರು

ಬಂದೇನವಾಜ ಯಾರ ಮುಂದೆಯೂ ತಲೆ ಬಾಗಿಸಿದವನಲ್ಲ ಎಂದು ಬರೆದರೆ ಓದುವವರಿಗೆ ಖುಷಿಯಾದೀತು. ಆದರೆ ಅದು ಶುದ್ಧ ಸುಳ್ಳು. ಅವನು ದಿನವಿಡೀ ತಲೆ ಬಾಗಿಸಿಕೊಂಡೇ ಇರುತ್ತಿದ್ದ, ಎತ್ತಿನ ಗೊರಸಿನ ಮುಂದೆ. ನಲವತ್ತು ದಾಟುವುದರೊಳಗೆ ಅವನ ಬೆನ್ನು ಬಾಗಿ ಹೋಗಿತ್ತು. ಮನುಷ್ಯರೊಂದಿಗೆ ಮಾತಾಡುವಾಗ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗುತ್ತಿದ್ದ, ಮತ್ತು ಆಗ ಬಾಯಿಂದ ಹೊರಡುತ್ತಿದ್ದದ್ದು ಹೆಚ್ಚಾಗಿ ಬೈಗುಳವೇ.

ಅವನು ಎತ್ತುಗಳಿಗೆ ನಾಲು, ಅಂದರೆ ಲಾಳ, ಕಟ್ಟುವ ನಾಲಬಂದ. ಕುದುರೆಗಾದರೆ ಕಾಲಿಗೊಂದೇ ನಾಲು. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡು, ಒಟ್ಟು ಎಂಟು. ಎತ್ತನ್ನು ಹಗ್ಗ ಹಾಕಿ ಕೆಡವಬೇಕು, ನಾಲ್ಕೂ ಕಾಲು ಸೇರಿಸಿ ಕಟ್ಟಿ ಕವಲು ಬಡಿಗೆಯ ಮೇಲೆ ಎತ್ತಿ ನಿಲ್ಲಿಸಬೇಕು, ಗೊರಸನ್ನು ಉಳಿಯಿಂದ ಕೆತ್ತಿ ಸಮ ಮಾಡಬೇಕು, ಆಮೇಲೆ ಮೊಳೆ. ಮೊಳೆ ಗೊರಸಿನ ಸತ್ತ ಭಾಗದಲ್ಲೇ ಹೋಗಿ ಹೊರಕ್ಕೆ ಬರಬೇಕು. ಒಂದು ಕೂದಲೆಳೆ ಒಳಗೆ ಹೋದರೂ ಅಲ್ಲಿ ಜೀವ ಇರುತ್ತದೆ, ಎತ್ತು ಕುಂಟುತ್ತದೆ. ಬಂದೇನವಾಜ ಕಟ್ಟಿದ ಎತ್ತು ಕುಂಟಿದ್ದನ್ನು ನಾನಂತೂ ನೋಡಿಲ್ಲ. ತಂಗಡಗಿಯಿಂದ, ಬಸವನ ಬಾಗೇವಾಡಿಯಿಂದ ಹತ್ತಿ ಹೇರಿಕೊಂಡು ಬರುವ ಗಾಡಿಯವರು ಸಿಂದಗಿಯ ನಾಲಬಂದರನ್ನು ಬಿಟ್ಟು ಇವನ ಬೈಗುಳ ಕೇಳಲು ಯಂಕಂಚಿಗೇ ಬರುತ್ತಿದ್ದರು.

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ, ಎತ್ತಿಗೆ ಸೂಟಿ. ಹಾಗಾಗಿ ಬಂದೇನವಾಜನಿಗೆ ಆ ದಿನವೇ ಮೈತುಂಬ ಕೆಲಸ. ಅವನ ಮನೆ ಮುಂದಿನ ಬೇವಿನ ಮರದಡಿ ಹತ್ತು ಹನ್ನೆರಡು ಎತ್ತು ಸರದಿ ಹಿಡಿದು ನಿಂತಿರುತ್ತಿದ್ದವು.

"ಊರಾಗಿನ ಬಸವಣ್ಣಗೋಳಿಗೆಲ್ಲ ಮೆಟ್ಟು ತೊಡಸಾಂವ ನಾ ಒಬ್ಬಾಂವ ಸಾಬ," ಎಂದು ಅವನು ಊರ ಗೌಡ ಖಂಡೆಪ್ಪನ ಮುಖಕ್ಕೇ ಹೇಳುತ್ತಿದ್ದ. "ನೀವು ಪೂಜಿ ಮಾಡ್ತೀರಿ, ಕಾಲಾಗ ಮುಳ್ಳು ಹೊಕ್ಕೈತೇನು ಅಂತ ಯಾವಾಗರ ನೋಡೀರೇನ್ರಿ?" ಖಂಡೆಪ್ಪ ಗೌಡ ನಗುತ್ತಿದ್ದ. ಅವನ ಎತ್ತಿನ ಕಾಲು ಆಗ ಬಂದೇನವಾಜನ ತೊಡೆಯ ಮೇಲಿರುತ್ತಿತ್ತು, ನಗದೆ ಉಪಾಯವಿರಲಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಾನು ಶ್ರೀಶೈಲಪ್ಪ, ಆಗ ಪಕ್ಕದ ಹಳ್ಳಿಯೊಂದರ ದನದ ದವಾಖಾನೆಯಲ್ಲಿ ಕಂಪೌಂಡರ, ಮನೆ ಮಾತ್ರ ಯಂಕಂಚಿಯಲ್ಲೇ. ಡಾಕ್ಟರ ಸಾಹೇಬರು ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದರು. ಉಳಿದ ದಿನ ಊರವರು ನನ್ನನ್ನೇ ಡಾಕ್ಟರ ಎನ್ನುತ್ತಿದ್ದರು, ನಾನು ತಿದ್ದುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಬಂದೇನವಾಜ ಮಾತ್ರ ನಾಲ್ಕು ಮಂದಿ ಇದ್ದಾಗಲೇ "ಏನ್ರಿ ಕಂಪೌಂಡರ" ಎಂದು ಗಟ್ಟಿಯಾಗಿ ಕೂಗುತ್ತಿದ್ದ. ಅದಕ್ಕಾಗಿ ನನಗೆ ಅವನ ಮೇಲೆ ಸಿಟ್ಟಿತ್ತು, ಮುಚ್ಚಿಟ್ಟು ಏನು ಪ್ರಯೋಜನ.

ಇಂಥ ಬಾಯಿಯ ಮನುಷ್ಯ ಮೆತ್ತಗಾದದ್ದು ಮಗಳ ಲಗ್ನದ ವಿಷಯದಲ್ಲಿ. ಆಬಿದಾ ಅವನ ಒಬ್ಬಳೇ ಮಗಳು. ಎತ್ತು ಕೆಡವುವಾಗ ಬಾಲದ ಕಡೆಯ ಹಗ್ಗ ಹಿಡಿಯುವವಳು ಅವಳೇ. ಸುತ್ತಿಗೆಯ ಸಪ್ಪಳದ ಮೇಲೆ ಮೊಳೆ ಎಲ್ಲಿ ಹೊರಟಿದೆ ಎಂದು ಒಳಗೆ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದಳು. ಆದರೆ ಎರಡು ಸಂಬಂಧಗಳು ಬಂದು, ಚಾ ಕುಡಿದು, ಮುರಿದು ಹೋಗಿದ್ದವು. "ಎತ್ತಿನ ಕಾಲು ಹಿಡಿಯೋ ಮಂದಿ, ಮನಿ ತುಂಬ ಸಗಣಿ ವಾಸನಿ" ಎಂದು ಎರಡನೆಯವರು ಹೋಗುವ ದಾರಿಯಲ್ಲೇ ಆಡಿಕೊಂಡರು. ಆ ಮಾತು ಬಂದೇನವಾಜನ ಹೆಂಡತಿ ದಾವಲಬಿಯ ಕಿವಿಗೆ ಬಿತ್ತು. ಅವಳು ಎರಡು ದಿನ ಒಲೆ ಹಚ್ಚಲಿಲ್ಲ.

ಮೂರನೆಯ ಸಂಬಂಧ ತಂದವಳು ಶಮಶಾದಬಿ. ಲಗ್ನ ಕೂಡಿಸುವುದೇ ಅವಳ ಕಸುಬು. ಸುಳ್ಳು ಹೇಳುವುದರಲ್ಲಿ ಅವಳನ್ನು ಮೀರಿಸುವವರು ಇಂಡಿ ಸಿಂದಗಿ ಎರಡೂ ತಾಲೂಕಿನಲ್ಲಿ ಇರಲಿಲ್ಲ. ಹುಡುಗ ಜೈನುದ್ದೀನ ಇಂಡಿಯಲ್ಲಿ ಸಾಲಿ ಮಾಸ್ತರ. ಅವನ ಅಪ್ಪ ಶಹಾಬುದ್ದೀನ ಅಲ್ಲಿಯ ಕೋರ್ಟಿನಲ್ಲಿ ಜವಾನ.

"ದೊಡ್ಡ ಖಾನದಾನಿ ಮಂದಿ. ಮುತ್ಯಾನ ಕಾಲದಿಂದ ಕಚೇರಿ ಕೆಲಸ," ಎಂದಳು ಶಮಶಾದಬಿ. "ನೀನು ಕಬ್ಬಿಣದ ವ್ಯಾಪಾರಿ ಅಂತ ಹೇಳೇನಿ. ಅವರು ಬಂದು ಹೋಗೂತನಕ ಸುತ್ತಿಗಿ ಇಕ್ಕಳ ಒಂದೂ ಕಾಣಬಾರದು. ಬಾಯಿನೂ ಮುಚ್ಕೊಂಡಿರು."

ಯಾರು ಏನೇ ಹೇಳಲಿ, ಆ ಹೊತ್ತಿಗೆ ಬಂದೇನವಾಜ ಸೊಂಟದ ಮೇಲೆ ಕೈಯಿಡಬೇಕಿತ್ತು. ಇಡಲಿಲ್ಲ. "ಹೂಂ" ಎಂದ. ಮಗಳು ಹತ್ತೊಂಬತ್ತಕ್ಕೆ ಬಿದ್ದಿದ್ದಳು.

ಇದು ಐವತ್ತೊಂಬತ್ತನೇ ಇಸವಿ. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದು ಮೂರು ವರ್ಷವಾಗಿತ್ತು, ಎತ್ತುಗಳಿಗೆ ಅದರಿಂದ ಏನೂ ವ್ಯತ್ಯಾಸವಾಗಿರಲಿಲ್ಲ. ಕೋರ್ಟಿಗೆ ಸೂಟಿ ಬಿದ್ದ ಒಂದು ಸೋಮವಾರ ಬೀಗರು ಬರುವುದೆಂದು ಗೊತ್ತಾಯಿತು. ಬಂದೇನವಾಜ ಆ ದಿನ ಸರದಿಗೆ ಬಂದ ಎತ್ತುಗಳನ್ನೆಲ್ಲ ತಿರುಗಿ ಕಳಿಸಿದ. ಸಾಮಾನುಗಳನ್ನು ಜೋಳದ ಕಣಜದಲ್ಲಿ ಹುಗಿದ. ದಾವಲಬಿ ಅಂಗಳವನ್ನು ಮೂರು ಸಲ ಗುಡಿಸಿದಳು. ಖಂಡೆಪ್ಪ ಗೌಡ ತನ್ನ ಕರಿ ಕೋಟು ಕೊಟ್ಟ, ಜೊತೆಗೆ ತಾನೂ ಬಂದು ಹೊರಸಿನ ಮೇಲೆ ಕುಂತ. ವ್ಯಾಪಾರಿಯ ಮನೆಗೆ ಗೌಡ ಬಂದಂತೆ ಕಾಣಲಿ ಎಂಬುದು ಅವನ ವಿಚಾರ. ಊರಿಗೆ ಊರೇ ಆ ಸುಳ್ಳಿನಲ್ಲಿ ಪಾಲು ತೆಗೆದುಕೊಂಡಿತ್ತು, ಮತ್ತು ಎಲ್ಲರೂ ಅದನ್ನು ಪುಣ್ಯದ ಕೆಲಸವೆಂದೇ ತಿಳಿದಿದ್ದರು.

ಶಹಾಬುದ್ದೀನ ಮತ್ತು ಶಮಶಾದಬಿ ಇಂಡಿಯಿಂದ ಸಿಂದಗಿಗೆ ಮೋಟಾರಿನಲ್ಲಿ ಬಂದರು. ಅಲ್ಲಿಂದ ಗಾಡಿ ಬೇಕು. ಸೋಮವಾರ ಯಾವ ರೈತ ಹೂಡುತ್ತಾನೆ? ಇಪ್ಪತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತವನಿಗೆ ಆ ನೆನಪೂ ಹೋಗಿತ್ತು. ಕಾಡಿ ಬೇಡಿ ಒಬ್ಬ ಬಾಡಿಗೆ ಗಾಡಿಯವನನ್ನು ಒಪ್ಪಿಸಿದ. ಆ ಗಾಡಿಯವನು ಸಿಕ್ಕ ದುಡಿಮೆ ಬಿಡಬಾರದೆಂದು ಬೆಳಿಗ್ಗೆ ಗಡಿಬಿಡಿಯಲ್ಲಿ ಯಾರ ಕೈಯಲ್ಲೋ ಎತ್ತಿಗೆ ನಾಲು ಬಡಿಸಿಕೊಂಡು ಹೊರಟಿದ್ದ. ಯಂಕಂಚಿಯ ಅಗಸಿ ಬಾಗಿಲು ದಾಟುವ ಹೊತ್ತಿಗೆ ಬಿಳಿ ಎತ್ತು ಮೂರು ಕಾಲಿನ ಮೇಲೆ ನಡೆಯುತ್ತಿತ್ತು.

"ಸೋಮವಾರ ಹೂಡಿದ್ರ ಹಿಂಗ ಆಗೂದು," ಎಂದು ಖಂಡೆಪ್ಪ ಗೌಡ ಬೀಗರಿಗೆ ಸ್ವಾಗತ ಹೇಳಿದ.

ಶಹಾಬುದ್ದೀನನದು ಬಿಳಿ ಪಾಯಜಾಮ, ಇಸ್ತ್ರಿ ಮಾಡಿದ ಟೋಪಿ, ಸಾಹೇಬರು ಕೆಮ್ಮುವಂತೆಯೇ ಕೆಮ್ಮು. "ಊರಾಗ ನಾಲಬಂದ ಇರಬೇಕಲ್ರಿ, ಕರೀರಿ," ಎಂದ.

"ನಮ್ಮೂರಾಗ ನಾಲಬಂದನ ಇಲ್ರಿ," ಎಂದ ಗೌಡ. ಅದೇ ಹೊತ್ತಿಗೆ ಎಲ್ಲಿಂದಲೋ ಒಂದು ನಾಯಿ ಗೊರಸಿನ ಕೆತ್ತನೆಯ ಚೂರೊಂದನ್ನು ಕಚ್ಚಿಕೊಂಡು ಬಂದು, ಬೀಗರ ಎದುರಿಗೇ ಕುಳಿತು, ಕಟಕಟ ಕಡಿಯತೊಡಗಿತು. ದಾವಲಬಿ ಒಳಗಿಂದ ಹಲ್ಲು ಕಚ್ಚಿ ಅದನ್ನು ಓಡಿಸಿದಳು. ಶಹಾಬುದ್ದೀನ ಆ ಚೂರನ್ನೇ ಸ್ವಲ್ಪ ಹೊತ್ತು ನೋಡಿದ.

ಡಾಕ್ಟರನ್ನು ಕರೆಯಿರಿ ಎಂದು ಯಾರೋ ಅಂದರು. ಡಾಕ್ಟರನಾದ ನಾನು ಟಿಂಚರಿನ ಬಾಟಲಿ, ಪಟ್ಟಿ ಹಿಡಿದುಕೊಂಡು ದೊಡ್ಡ ಹೆಜ್ಜೆ ಹಾಕುತ್ತ ಹೋದೆ. ಬಂದೇನವಾಜ ಗೌಡನ ಕೋಟಿನಲ್ಲಿ ಸಿಕ್ಕಿಕೊಂಡು, ಕಪ್ಪು-ಬಸಿಯಲ್ಲಿ ಚಾ ಹಿಡಿದು ಕುಳಿತಿದ್ದ. ಸುಳ್ಳು ಹೇಳುವುದಿಲ್ಲ, ಅವನನ್ನು ಹಾಗೆ ನೋಡಿ ನನಗೆ ಬಹಳ ಸಂತೋಷವಾಯಿತು. ಇವತ್ತು ಕಂಪೌಂಡರ ಏನೆಂದು ನೋಡು ಎಂದುಕೊಂಡೆ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ಹೇಳಿದಂತೆ ಗಾಡಿಯವನು ಹಗ್ಗ ಹಾಕಿ ಎಳೆದ. ಎತ್ತು ಕೆಳಗೆ ಕೂರುವ ಬದಲು ಮಗ್ಗುಲಾಗಿ ಧೊಪ್ಪನೆ ಬಿದ್ದು ಕೊಂಬು ನೆಲಕ್ಕೆ ಹೊಕ್ಕಿತು. ಅದು ಹೂಂಕರಿಸಿತು. ನಾನು ಗಂಭೀರ ಮುಖ ಮಾಡಿ ಬಲಗಾಲು ಹಿಡಿದು ಗೊರಸಿನ ಸುತ್ತ ಟಿಂಚರ ಸುರಿದು ಪಟ್ಟಿ ಸುತ್ತಿದೆ. ಬಂದೇನವಾಜ ಮುಖ ಆಚೆ ತಿರುಗಿಸಿಕೊಂಡಿದ್ದ. ಅವನ ಕೈಯಲ್ಲಿನ ಬಸಿ ವಾಲಿ ಚಾ ಗೌಡನ ಕೋಟಿನ ಮೇಲೆ ಚೆಲ್ಲುತ್ತಿತ್ತು.

ಆಗ ಆಬಿದಾ ಹೊರಗೆ ಬಂದಳು. ನೋಡಲು ಬಂದವರು ಕರೆಯುವ ಮೊದಲೇ ಹುಡುಗಿ ಹೊಸ್ತಿಲು ದಾಟುವುದೆಂದರೇನು? ಶಮಶಾದಬಿ "ಯಾ ಅಲ್ಲಾ" ಎಂದು ಬಾಯಿಗೆ ಸೆರಗು ಹಚ್ಚಿದಳು. ಆಬಿದಾ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ನೇರವಾಗಿ ಎತ್ತಿನ ಹತ್ತಿರ ಬಂದು ಗೊರಸುಗಳನ್ನು ಬೆರಳಿನಿಂದ ತಟ್ಟಿ ನೋಡಿದಳು.

"ಬಲಗಾಲಲ್ರಿ, ಎಡಗಾಲು. ಹೊರಗಿನ ನಾಲು, ನಡುವಿನ ಮೊಳಿ. ಜೀವಕ್ಕ ಹೊಕ್ಕೈತಿ," ಎಂದು ನನಗೆ ಹೇಳಿ ಅಪ್ಪನ ಕಡೆ ತಿರುಗಿದಳು. "ಅಪ್ಪಾ, ಕೋಟು ತಗಿ."

"ಒಳಗ ನಡಿ," ಎಂದ ಬಂದೇನವಾಜ. ಧ್ವನಿ ಬಹಳ ಸಣ್ಣದಾಗಿತ್ತು.

"ನಡೀತೇನಿ. ಎತ್ತು ಒದ್ದಾಡಾಕತ್ತೈತಿ, ನೀ ಚಾ ಕುಡಿಯಾಕತ್ತಿ. ಮೊದಲು ಎದ್ದು ಬಾ."

"ನಿನ್ನ ಸಲುವಾಗಿನ ಹಿಂಗ ಕುಂತೇನಿ ಹುಚ್ಚಿ."

"ನನ್ನ ಸಲುವಾಗಿ ಕುಂದರಬ್ಯಾಡ. ಲಗ್ನ ಮುರಿದ್ರ ಮುರೀಲಿ. ಇದರ ಕಾಲು ಹ್ವಾದ್ರ ಗಾಡಿಯವನ ಮನ್ಯಾಗ ಏನ್ ತಿಂತಾರ?"

ಬಂದೇನವಾಜ ಮಗಳನ್ನು ನೋಡಿದ. ಅವನ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ಎದ್ದ, ಕೋಟನ್ನು ಗೌಡನ ತೊಡೆಯ ಮೇಲೆ ಒಗೆದ, ಕಣಜಕ್ಕೆ ಕೈಹಾಕಿ ಜೋಳ ಚೆಲ್ಲಾಡುತ್ತ ಸುತ್ತಿಗೆ, ಇಕ್ಕಳ ಎಳೆದು ತಂದ. ಬರುವ ದಾರಿಯಲ್ಲಿ ನನ್ನ ತಾಯಿ ತಂದೆಯರನ್ನು, ಗಾಡಿಯವನ ಎತ್ತಿಗೆ ನಾಲು ಬಡಿದವನ ಏಳು ತಲೆಮಾರನ್ನು, ಕೊನೆಗೆ ಮೈಸೂರು ಸರಕಾರವನ್ನೂ ಬೈದ.

ಶಹಾಬುದ್ದೀನ ಎದ್ದು ನಿಂತ. "ಏನಿದು? ಕಬ್ಬಿಣದ ವ್ಯಾಪಾರಿ ಅಂದಿದ್ರಿ?"

"ಕಬ್ಬಿಣ ಅಲ್ಲೇನ್ರಿ ಇದು? ಗಿರಾಕಿ ಮನಿಗೆ ಒಯ್ಯೂದು ಬ್ಯಾಡಂತ ಕಾಲಿಗೆ ಬಡದು ಕೊಡ್ತೇನಿ," ಎಂದ ಬಂದೇನವಾಜ. "ನಾಲಬಂದ ಅದೇನಿ. ನಮ್ಮಪ್ಪನೂ ನಾಲಬಂದ. ಸಂಬಂಧ ಬ್ಯಾಡ ಅಂದ್ರ ಬಿಡ್ರಿ. ಆದ್ರ ಈ ಎತ್ತಿನ ಕಾಲು ನೆಟ್ಟಗಾಗೂತನಕ ನಿಮಗೂ ಹಿಂದಕ್ಕ ಹೋಗಾಕ ಗಾಡಿಲ್ಲ, ಕುಂದರ್ರಿ."

ಎತ್ತನ್ನು ಎಬ್ಬಿಸಿ, ಕತ್ತು ಸವರಿ, ಹೊಸದಾಗಿ ಹಗ್ಗ ಹಾಕಿದ. ಆಬಿದಾ ಬಾಲದ ಕಡೆ ನಿಂತಳು. ಒಂದೇ ಎಳೆತಕ್ಕೆ ಎತ್ತು ಮುದುಡಿ ಕೂತಿತು. ಗಾಡಿಯವನು ತಲೆ ಅದುಮಿ ಹಿಡಿದ, ಬಂದೇನವಾಜ ಮುಂಗಾಲು ಸೇರಿಸತೊಡಗಿದ. ನೋವಿಗೆ ಎತ್ತು ಒಮ್ಮೆಲೇ ಝಾಡಿಸಿತು. ಕವಲು ಬಡಿಗೆ ಹಾರಿತು, ಹಿಂಗಾಲು ಹಗ್ಗದಿಂದ ಜಾರಿ ಆಬಿದಾಳ ಮುಖದ ಕಡೆ ಬಂತು.

ಯಾರು ಎಷ್ಟು ಹೊತ್ತಿಗೆ ಜಿಗಿದರು ತಿಳಿಯಲಿಲ್ಲ. ನೋಡಿದರೆ ಶಹಾಬುದ್ದೀನ ಬಿಳಿ ಪಾಯಜಾಮದ ಮೊಣಕಾಲನ್ನು ಎತ್ತಿನ ತೊಡೆಯ ಮೇಲೆ ಊರಿ, ಎರಡೂ ಹಿಂಗಾಲು ಒಂದೇ ಕೈಯಲ್ಲಿ ಸೇರಿಸಿ, ಇನ್ನೊಂದು ಕೈಯಿಂದ ಹಗ್ಗವನ್ನು ಎರಡು ಸುತ್ತು ಸುತ್ತಿ, ಒಂದನ್ನು ಹಿಂದಕ್ಕೆ ತಿರುವಿ, ತುದಿಯನ್ನು ಹೆಬ್ಬೆರಳಿನಡಿ ತೂರಿಸಿದ್ದ. ಎತ್ತು ಎಷ್ಟು ಎಳೆದರೂ ಬಿಚ್ಚದ, ಮನುಷ್ಯ ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುವ ಗಂಟು ಅದು. ರೈತರಿಗೆ ಬಾರದು, ಗಾಡಿಯವರಿಗೆ ಬಾರದು. ನಾಲಬಂದರ ಮನೆಯಲ್ಲಿ ಮಾತ್ರ ಹಾಕುತ್ತಾರೆ.

ಬಂದೇನವಾಜ ಆ ಗಂಟನ್ನು ನೋಡಿದ, ಆಮೇಲೆ ಶಹಾಬುದ್ದೀನನನ್ನು. "ಕೋರ್ಟಿನ್ಯಾಗ ಇದನ್ನೂ ಕಲಿಸ್ತಾರೇನ್ರಿ?"

ಶಮಶಾದಬಿ ಮೆಲ್ಲಗೆ ಗೋಡೆಯ ಮರೆಗೆ ಸರಿದಳು. ಶಹಾಬುದ್ದೀನ ಕಾಲುಗಳನ್ನು ಬಿಡದೆ ಹಾಗೇ ಕುಳಿತಿದ್ದ. ಟೋಪಿ ಎಲ್ಲೋ ಬಿದ್ದಿತ್ತು.

"ನಮ್ಮಪ್ಪ ಲಚ್ಯಾಣದಾಗ ನಾಲಬಂದ," ಎಂದ ಕಡೆಗೆ. "ಒಮ್ಮೆ ಕೋರ್ಟಿಗೆ ನನಗ ಬುತ್ತಿ ತಂದಿದ್ದ. ಮೈಯೆಲ್ಲ ಸಗಣಿ. ಸಾಹೇಬ್ರು ಯಾರಂವ ಅಂದ್ರು. ನಮ್ಮೂರಾಂವ್ರಿ ಅಂದೆ. ಅಪ್ಪ ಅಲ್ಲೇ ನಿಂತಿದ್ದ. ಬುತ್ತಿ ಇಟ್ಟು ಹ್ವಾದ, ಮತ್ತ ಒಮ್ಮೆನೂ ಕೋರ್ಟಿನ ಕಡೆ ಬರಲಿಲ್ಲ. ಅಂವ ಸತ್ತು ಒಂಬತ್ತು ವರ್ಷಾತು."

ಬಂದೇನವಾಜ ಸಮಾಧಾನ ಹೇಳುವ ಜಾತಿಯವನಲ್ಲ. ಇಕ್ಕಳ ಹಾಕಿ ನಡುವಿನ ಮೊಳೆಯನ್ನು ಎಳೆದ. ಕರಿ ರಕ್ತ ಹೊರಬಂದು ಎತ್ತು ಉದ್ದಕ್ಕೆ ಉಸಿರು ಬಿಟ್ಟಿತು. ಮೊಳೆಯನ್ನು ಶಹಾಬುದ್ದೀನನಿಗೆ ತೋರಿಸಿದ, ಅವನು ತಲೆಯಾಡಿಸಿದ. ಮೊಳೆ ಎಲ್ಲಿ ದಾರಿ ತಪ್ಪಿತ್ತೆಂದು ಇಬ್ಬರಿಗೂ ಹೇಳದೆಯೇ ತಿಳಿಯಿತು.

ಆಬಿದಾ ಬಗ್ಗಿ ಹಗ್ಗವನ್ನು ಬೆರಳಿನಿಂದ ಜಗ್ಗಿ ನೋಡಿದಳು.

"ಮಾವಾರ," ಎಂದಳು, "ಗಂಟು ಸಡ್ಲ ಐತ್ರಿ. ರೂಢಿ ತಪ್ಪೇತಿ. ಮತ್ತೊಮ್ಮೆ ಕಟ್ರಿ."

ಮಾವ ಎಂದದ್ದು ಎಲ್ಲರಿಗೂ ಕೇಳಿತು. ಬಾಗಿಲಲ್ಲಿ ದಾವಲಬಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹೊಸ ಮೊಳೆಗೆಂದು ಬಂದೇನವಾಜ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಶಹಾಬುದ್ದೀನ ಆ ಹುಡುಗಿಯ ಮುಖ ನೋಡಿದ, ತೋಳಿನಿಂದ ಕಣ್ಣೊರೆಸಿಕೊಂಡ, ಮುಖಕ್ಕೆಲ್ಲ ಸಗಣಿಯಾಯಿತು.

"ಸೊಸಿ ಹೇಳಿದಮ್ಯಾಲ ಕಟ್ಟಬೇಕಲ್ಲವಾ," ಎಂದು ಹಗ್ಗ ಬಿಚ್ಚಿ ಮೊದಲಿನಿಂದ ಸುತ್ತತೊಡಗಿದ.