ಸೊನ್ನೆ ಹಿಡಿಯುವವರು

ಅಳತೆ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದರೂ ಅವರ ಬಾಯಿಂದ ಒಂದು ಅಂಕಿಯೂ ಹೊರಬಿದ್ದಿರಲಿಲ್ಲ. ಟೇಪಿನ ಮೊದಲ ತುದಿಯನ್ನು ನೆಲಕ್ಕೆ ಒತ್ತಿ ಕೂರುವುದಷ್ಟೇ ಅವರ ಕೆಲಸ. ಇನ್ನೊಂದು ತುದಿಯಲ್ಲಿ ಓದುವುದು, ಬರೆಯುವುದು, ಸಹಿ ಹಾಕುವುದೆಲ್ಲ ಅಧಿಕಾರಿಗಳ ಪಾಲಿನದು. ಕಚೇರಿಯವರು ಅವರಿಗೆ ಸೊನ್ನೆ ಮಾಮ ಎಂದು ಹೆಸರಿಟ್ಟಿದ್ದರು. ಮಾಮನಿಗೇನೂ ಬೇಸರವಿರಲಿಲ್ಲ. ಸೊನ್ನೆ ಅಲುಗಾಡಿದರೆ ಮುಂದಿನದೆಲ್ಲ ಸುಳ್ಳು ಎಂದು ಗೊತ್ತಿದ್ದವರಿಗೆ ಬೇಸರವೇಕೆ?

ನಿಜ ಹೇಳಬೇಕೆಂದರೆ ಅವರು ಹಿಡಿಯುತ್ತಿದ್ದದ್ದು ಸೊನ್ನೆಯನ್ನೂ ಅಲ್ಲ. ಐವತ್ತು ಮೀಟರಿನ ಆ ಟೇಪಿನ ತುದಿ ಎಂದೋ ಲಾರಿಯ ಚಕ್ರಕ್ಕೆ ಸಿಕ್ಕಿ ಹರಿದುಹೋಗಿತ್ತು. ಹೊಸದು ಬೇಕೆಂದು ಬರೆದ ಅರ್ಜಿ ಯಾವ ಮೇಜಿನ ಮೇಲೆ ಮಲಗಿತೋ, ಏಳಲೇ ಇಲ್ಲ. ಅಂದಿನಿಂದ ಮಾಮ ಒಂದನೆಯ ಮೀಟರಿನ ಗೆರೆಯ ಮೇಲೆ ಹೆಬ್ಬೆರಳಿಡುತ್ತಿದ್ದರು. ಹಳೆಯ ಅಧಿಕಾರಿ ಟೇಪು ಎಳೆದಷ್ಟು ಸಲವೂ ಒಂದೊಂದು ಮೀಟರ್ ಕಳೆದು ಬರೆಯುತ್ತಿದ್ದರು. ಇದು ಯಾವ ಕಾಗದದಲ್ಲೂ ಇರಲಿಲ್ಲ, ಇಬ್ಬರ ತಲೆಯಲ್ಲಿ ಇತ್ತು.

ಹಳೆಯ ಅಧಿಕಾರಿ ನಿವೃತ್ತರಾದ ಎರಡನೆಯ ವಾರ ಮಾಮನ ತಂಗಿಯ ಕೆಫೆಯ ಕಡತ ಬಂತು.

ತಂಗಿ ಹನ್ನೆರಡು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೆಫೆ ನಡೆಸುತ್ತಿದ್ದಳು. ಆರು ಮೇಜು, ಬೀದಿಗೆ ಒಂದು ಕಿಟಕಿ, ಒಂದು ಬಾಗಿಲು, ಬಾಗಿಲಿಗೊಂದು ಕಿಣಿಕಿಣಿ ಗಂಟೆ. ಪಕ್ಕದ ಬೀದಿಯಲ್ಲಿ ಬಿಯರ್ ಕೊಡುವ ದೊಡ್ಡ ಕೆಫೆ ತೆರೆದ ಮೇಲೆ ಸಂಜೆಯ ಹೊತ್ತು ಅವಳು ನೊಣ ಹೊಡೆಯುತ್ತ ಕೂರಬೇಕಾಯಿತು. ಮದ್ಯದ ಪರವಾನಗಿ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಬೀಗ. ಪರವಾನಗಿಗೆ ಒಂದೇ ಅಡ್ಡಿ. ಶಾಲೆಯ ಗೇಟಿನಿಂದ ಕೆಫೆಯ ಬಾಗಿಲಿಗೆ ನೂರು ಮೀಟರ್ ಇರಲೇಬೇಕು.

ಎದುರು ಮನೆಯ ನಿವೃತ್ತ ಗಣಿತದ ಮೇಷ್ಟ್ರು ನಲವತ್ತು ಸಹಿ ಹಾಕಿಸಿ ಆಕ್ಷೇಪಣೆ ಕೊಟ್ಟಿದ್ದರು. ಅಳೆಯಲು ಬರುವವರು ಯಾರೆಂದು ತಿಳಿದಾಗ, "ಇದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯ್ತು," ಎಂದರು. ಆದರೆ ಕಚೇರಿಯಲ್ಲಿ ಟೇಪು ಹಿಡಿಯಲು ಬೇರೆ ಜನವೇ ಇರಲಿಲ್ಲ.

ಹಿಂದಿನ ದಿನ ತಂಗಿ ಕಾಫಿ ಕೊಡುತ್ತ ಕೇಳಿದಳು. "ಅಣ್ಣಾ, ನಾಳೆ ಗೇಟಿನ ಹತ್ರ ಒಂದು ಹೆಜ್ಜೆ ಹಿಂದೆ ಕೂತ್ಕೋತೀಯಾ?"

"ಆಗಲ್ಲಮ್ಮ."

"ಗೊತ್ತಿತ್ತು. ಕೇಳಿ ನೋಡ್ದೆ ಅಷ್ಟೆ."

ಅಳತೆಯ ದಿನ ಮೇಷ್ಟ್ರು ಮಾಮನ ಹೆಬ್ಬೆರಳಿನಿಂದ ಕಣ್ಣು ಕೀಳಲಿಲ್ಲ. ಮಾಮ ಗೇಟಿನ ನಟ್ಟನಡುವೆ ಕೂತರು. ಹೊಸ ಅಧಿಕಾರಿಣಿ ಐವತ್ತು ಎಂದು ಸೀಮೆಸುಣ್ಣದ ಗುರುತು ಹಾಕಿದರು, ಅಲ್ಲಿಂದ ಮತ್ತೆ ಐವತ್ತು. ಮೂರನೆಯ ಸಲಕ್ಕೆ ಮಾಮ ಕೂತದ್ದು ತಂಗಿಯ ಹೊಸ್ತಿಲ ಹತ್ತಿರವೇ.

"ಎರಡು. ಒಟ್ಟು ನೂರಾ ಎರಡು ಮೀಟರ್," ಎಂದು ಅಧಿಕಾರಿಣಿ ಬರೆದುಕೊಂಡರು.

ತಂಗಿ ಬಾಗಿಲಿಗೆ ಒರಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮೇಷ್ಟ್ರು ಬೆರಳು ಮಡಚಿ ಕೂಡಿಸಿ ನೋಡಿ, "ಕೂಡಿದ್ದು ಸರಿಯಾಗಿದೆ," ಎಂದು ಸಪ್ಪಗೆ ಒಪ್ಪಿದರು. ಕಳೆಯುವುದೊಂದು ಇದೆ ಎಂದು ಆ ಬೀದಿಯಲ್ಲಿ ಗೊತ್ತಿದ್ದದ್ದು ಮಾಮನಿಗೊಬ್ಬರಿಗೇ. ಅವರು ಮಂಡಿಯ ಧೂಳು ಕೊಡವಿ ಟೇಪು ಸುತ್ತತೊಡಗಿದರು. ಅರ್ಧ ಸುತ್ತಿ ನಿಂತರು.

"ಮೇಡಂ, ಮೂರು ಕಳೀಬೇಕು," ಎಂದು ಹರಿದ ತುದಿ ತೋರಿಸಿದರು.

ತೊಂಬತ್ತೊಂಬತ್ತು. ಅರ್ಜಿ ಬಿದ್ದುಹೋಯಿತು. ಮೇಷ್ಟ್ರು ಕೈ ಕುಲುಕಲು ಬಂದರು, ಮಾಮ ಎರಡೂ ಕೈಯಲ್ಲಿ ಟೇಪು ಹಿಡಿದುಕೊಂಡರು.

ಎಲ್ಲರೂ ಹೋದ ಮೇಲೆ ತಂಗಿ ಹೇಳಿದಳು. "ನಿನ್ನೆ ಆಗಲ್ಲ ಅಂದಾಗ ನಾನು ಸಿಟ್ಟಾಗ್ಲಿಲ್ಲ. ಇವತ್ತು ನೀನು ಏನೂ ಮಾಡಬೇಕಿರ್ಲಿಲ್ಲ ಅಣ್ಣಾ. ಬಾಯಿ ಮುಚ್ಕೊಂಡಿದ್ರೆ ಸಾಕಿತ್ತು. ಇಪ್ಪತ್ತೊಂಬತ್ತು ವರ್ಷ ಮುಚ್ಕೊಂಡೇ ಇದ್ಯಲ್ಲ."

ಆ ಮಾತು ಮಾಮನಿಗೆ ಬಹಳ ನೋವು ಮಾಡಿತು. ಐದು ವಾರ ಅವರು ಆ ಬೀದಿಗೆ ಕಾಲಿಡಲಿಲ್ಲ. ಕಚೇರಿಯವರು ಕಾಫಿ ಎಂದು ಕರೆಯುವ ಬಣ್ಣದ ನೀರನ್ನೇ ಕುಡಿದರು.

ತಂಗಿಯೂ ಅದೇ ತಾಯಿಯ ಮಗಳು, ಸುಮ್ಮನೆ ಕೂರುವವಳಲ್ಲ. ಗಾರೆಯವರನ್ನು ಕರೆಸಿ ಕಿಟಕಿಯಿದ್ದಲ್ಲಿ ಬಾಗಿಲು, ಬಾಗಿಲಿದ್ದಲ್ಲಿ ಕಿಟಕಿ ಮಾಡಿಸಿದಳು. ಬಾಗಿಲು ಶಾಲೆಯಿಂದ ಎರಡು ಮೀಟರ್ ದೂರ ಸರಿಯಿತು. ಹೊಸ ಅರ್ಜಿ ಹೋಯಿತು, ಮೇಷ್ಟ್ರ ಹೊಸ ಆಕ್ಷೇಪಣೆಯೂ ಹೋಯಿತು. ಅಷ್ಟರಲ್ಲಿ ಕಚೇರಿಗೆ ಹೊಸ ಟೇಪು ಬಂದಿತ್ತು, ಸೊನ್ನೆಯ ಸಮೇತ.

"ಅಣ್ಣನೇ ಹಿಡೀತಾರಲ್ಲ, ಬೇರೆ ಕಚೇರಿಯಿಂದ ಯಾರನ್ನಾದ್ರೂ ಕರೆಸಲಾ?" ಎಂದು ಅಧಿಕಾರಿಣಿ ಮೇಷ್ಟ್ರನ್ನು ಕೇಳಿದರು.

ಮೇಷ್ಟ್ರು ತಮ್ಮ ಜಗಲಿಯಿಂದ ಏಳಲೂ ಇಲ್ಲ. "ಬೇಡಮ್ಮ, ಅವರೇ ಹಿಡೀಲಿ. ಅವರು ಹಿಡಿದ ಮೇಲೆ ನಾನು ಬಂದು ನೋಡೋದು ಏನಿದೆ?"

ತಂಗಿ ಅದನ್ನು ಕೇಳಿಸಿಕೊಂಡಳು. ನೂರಾ ಒಂದು ಬಂತು. ಮೇಷ್ಟ್ರು ಕಾಗದಕ್ಕೆ ತಕರಾರಿಲ್ಲದೆ ಸಹಿ ಹಾಕಿದರು.

ತಂಗಿ ಒಳಗೆ ಹೋಗಿ, ಬಾಗಿಲಿದ್ದ ಜಾಗದ ಹೊಸ ಕಿಟಕಿ ತೆರೆದು, ಕಟ್ಟೆಯ ಮೇಲೆ ಒಂದು ಲೋಟ ಕಾಫಿ ಇಟ್ಟಳು.

"ತಗೋ. ಆರಿಹೋಗತ್ತೆ."

ಮಾಮ ಬೀದಿಯಲ್ಲೇ ನಿಂತು ಒಂದು ಗುಟುಕು ಕುಡಿದರು. ಸಕ್ಕರೆ ಹಾಕಿರಲಿಲ್ಲ. ಮರೆತದ್ದಲ್ಲ ಎಂದು ಅವರಿಗೆ ಗೊತ್ತಿತ್ತು. ಲೋಟ ಖಾಲಿ ಮಾಡಿ ಕಿಟಕಿಯೊಳಗೆ ಕೊಟ್ಟರು.